ತೈಲದ ಲೆಕ್ಕ



ಷಟ್‌ಸ್ಥಲವನ್ನು ಕುರಿತು ಈ ಅಂಕಣದಲ್ಲಿ ನಡೆದುಬಂದಿರುವ ವಿವೇಚನೆಯನ್ನು ಈ ತಿಂಗಳ ಮಟ್ಟಿಗೆ ಬದಿಗಿರಿಸಿ, ಕಾರು ಎಷ್ಟು ಪೆಟ್ರೋಲು ಕುಡಿಯುತ್ತದೆ ಎಂಬ ಅಪ್ಪಟ ಲೌಕಿಕ ವಿಷಯವನ್ನು ಎತ್ತಿಕೊಂಡಿದ್ದೇವೆ. ಈ ಲೆಕ್ಕವನ್ನು ತಪ್ಪಾಗಿ ಮಾಡಿದ ಕಾರಣ ನಾವು ಒಬ್ಬ ನಿರಪರಾಧಿ ಯುವಕನನ್ನು ಹದಿನೈದು ದಿನಗಳ ಕಾಲ ಮನಸ್ಸಿನಲ್ಲಿಯೇ ಕಳ್ಳನೆಂದು ತೀರ್ಮಾನಿಸಿದ್ದೆವು. ಹೊಸದಾಗಿ ಕಾರು ಕೊಂಡಿರುವ, ಅದಕ್ಕೊಬ್ಬ ಚಾಲಕನನ್ನು ಇಟ್ಟುಕೊಂಡಿರುವ ಮನೆಗಳು ನಮ್ಮ ಓದುಗರಲ್ಲಿ ಅನೇಕವಿರುವುದರಿಂದ ಇದನ್ನು ಮುಚ್ಚಿಡುವುದು ಸರಿಯಲ್ಲವೆನಿಸಿತು.

ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ನಮ್ಮ ಸಮಾಜದ ಮನೆಗಳು ವಿರಳ. ಬಂಟ್ವಾಳದಲ್ಲಿ ಬ್ಯಾಂಕಿನ ನೌಕರಿಗೆಂದು ಬಂದವರು, ಬೆಳ್ತಂಗಡಿಯಲ್ಲಿ ಶಿಕ್ಷಕ ವೃತ್ತಿಯಲ್ಲಿರುವವರು, ಮೂಡುಬಿದಿರೆಯಲ್ಲಿ ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಮನೆ ಮಾಡಿಕೊಂಡವರು, ಹೀಗೆ ಚದುರಿಹೋದ ಕುಟುಂಬಗಳು. ಇವರೆಲ್ಲ ಕೂಡಿ ವಂತಿಗೆ ಹಾಕಿ, ಪ್ರವಚನಕ್ಕೂ ಮನೆಗಳ ಪೂಜಾಕಾರ್ಯಗಳಿಗೂ ಅನುಕೂಲವಾಗಲೆಂದು ಒಂದು ಚಿಕ್ಕ ಪೆಟ್ರೋಲು ಕಾರನ್ನು ಕೊಂಡರು. ತೈಲದ ಖರ್ಚನ್ನೂ ಅವರೇ ವಹಿಸಿಕೊಂಡರು. ತಿಂಗಳ ಕೊನೆಯ ಸಭೆಯಲ್ಲಿ ಖರ್ಚನ್ನು ಓದಿಹೇಳುವ ಜವಾಬ್ದಾರಿ ನಮ್ಮದಾಯಿತು. ಪರರ ಹಣವಾದ್ದರಿಂದ ಒಂದು ಚೀಟಿಯನ್ನೂ ಕಳೆಯದೆ ಇಟ್ಟಿದ್ದೆವು.

ಮೊದಲ ತಿಂಗಳಲ್ಲಿ ಕಾರು ಓಡಿದ್ದು 1,012 ಕಿಲೋಮೀಟರು. ಪೆಟ್ರೋಲಿಗೆ ಕೊಟ್ಟದ್ದು 8,000 ರೂಪಾಯಿ. ಲೀಟರಿಗೆ ಸುಮಾರು 102 ರೂಪಾಯಿಯಂತೆ ಅದು 78.4 ಲೀಟರು. ಭಾಗಿಸಿದರೆ ಲೀಟರಿಗೆ 12.9 ಕಿಲೋಮೀಟರು ಬಂದಿತು. ಮಾರಾಟದ ಪುಸ್ತಿಕೆಯಲ್ಲಿ ಇಪ್ಪತ್ತೆಂದು ಅಚ್ಚಾಗಿತ್ತು. ಇಪ್ಪತ್ತರಂತೆ 1,012 ಕಿಲೋಮೀಟರಿಗೆ ಐವತ್ತೊಂದು ಲೀಟರು ಸಾಕು. ಹಾಗಾದರೆ ಉಳಿದ ಇಪ್ಪತ್ತೆಂಟು ಲೀಟರು ಎಲ್ಲಿಗೆ ಹೋಯಿತು?

ಈ ಪ್ರಶ್ನೆ ತಲೆಗೆ ಹೊಕ್ಕ ಮೇಲೆ ಮನುಷ್ಯನ ಬುದ್ಧಿ ನೆಟ್ಟಗಿರುವುದಿಲ್ಲ. ಮೊದಲು ಪೆಟ್ರೋಲ್ ಬಂಕನ್ನು ಶಂಕಿಸಿದೆವು. ಪ್ರತಿ ಬಂಕಿನಲ್ಲಿಯೂ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯುಳ್ಳ ಐದು ಲೀಟರಿನ ಅಳತೆಯ ಪಾತ್ರೆ ಇರಬೇಕು, ಗ್ರಾಹಕನು ಕೇಳಿದರೆ ಅದರಲ್ಲಿ ಅಳೆದು ತೋರಿಸಬೇಕು. ಐದು ಲೀಟರಿಗೆ 25 ಮಿಲಿಲೀಟರಿನಷ್ಟು ವ್ಯತ್ಯಾಸ ಮಾತ್ರ ಕ್ಷಮ್ಯ. ಕೇಳಿದೆವು, ಅವರು ಮುಖ ಸಿಂಡರಿಸದೆ ಅಳೆದು ತೋರಿಸಿದರು, ಅಳತೆ ಸರಿಯಾಗಿತ್ತು. ಬಂಕಿನ ಮೇಲಿನ ಶಂಕೆ ನೀಗಿತು. ನೀಗಿದ ಶಂಕೆ ಗಾಳಿಯಲ್ಲಿ ಕರಗಲಿಲ್ಲ, ಚಾಲಕನ ಮೇಲೆ ಹೋಗಿ ಕುಳಿತುಕೊಂಡಿತು. ಆತ ಬಂಟ್ವಾಳದ ಕಡೆಯ ಬಡಕುಟುಂಬದ ಹುಡುಗ. ಕಾರನ್ನು ರಾತ್ರಿ ಅವನ ಮನೆಯ ಬಳಿಯಲ್ಲಿಯೇ ನಿಲ್ಲಿಸುತ್ತಿದ್ದ. ಇಷ್ಟೇ ಸಾಕ್ಷ್ಯ!

ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದಾಗ, ಭಂಡಾರದ ಹಣವನ್ನು ಜಂಗಮ ದಾಸೋಹಕ್ಕೆ ವ್ಯಯ ಮಾಡುತ್ತಿದ್ದಾರೆಂದು ಕೊಂಡೆಯರು ದೂರಿತ್ತ ಕಥೆಯನ್ನು ನಾವು ಎಷ್ಟು ಪ್ರವಚನಗಳಲ್ಲಿ ಹೇಳಿದ್ದೇವೋ ಲೆಕ್ಕವಿಲ್ಲ. ಭಂಡಾರವನ್ನು ತೆರೆಸಿ ಎಣಿಸಿದಾಗ ಒಂದು ಹೊನ್ನೂ ಕಡಿಮೆಯಿರಲಿಲ್ಲವೆಂದು ಪುರಾಣಗಳು ಹೇಳುತ್ತವೆ. ಕಥೆ ಹೇಳುವಾಗಲೆಲ್ಲ ನಾವು ಶರಣರ ಪಕ್ಷದಲ್ಲಿಯೇ ನಿಂತಿದ್ದೇವೆಂಬ ಭಾವನೆ ನಮ್ಮದಾಗಿತ್ತು. ಈ ಪ್ರಕರಣದಲ್ಲಿ ನಾವು ನಿಂತದ್ದು ಕೊಂಡೆಯರ ಸಾಲಿನಲ್ಲಿ. ಅವರಾದರೂ ಎಣಿಕೆಗೆ ಒಪ್ಪಿದ್ದರು. ನಾವು ಸರಿಯಾಗಿ ಎಣಿಸಿಯೇ ಇರಲಿಲ್ಲ.

ಒಂದು ಸಂಜೆ ವೇಣೂರಿನಿಂದ ಹಿಂದಿರುಗುವಾಗ ಮಾತಿಗೆ ಮಾತು ಬಂದು, "ಈ ಕಾರು ಹದಿಮೂರೂ ಕೊಡುವುದಿಲ್ಲವಲ್ಲ" ಎಂದೆವು. ದನಿಯಲ್ಲಿದ್ದ ಮೊನೆ ಅವನಿಗೆ ತಿಳಿಯದಿರಲಿಲ್ಲ. ಸ್ವಲ್ಪ ದೂರ ಸುಮ್ಮನೆ ಕಾರು ನಡೆಸಿ, ಬಳಿಕ ಕೇಳಿದ: "ಗುರುಗಳೇ, ತಿಂಗಳ ಕೊನೇ ದಿನ ಎರಡು ಸಾವಿರದ್ದು ಹಾಕಿಸಿದ್ದೆವಲ್ಲ, ಅದು ಮಾರನೇ ದಿನಕ್ಕೆ ಟ್ಯಾಂಕಿಯಲ್ಲೇ ಇತ್ತಲ್ಲ? ಅದನ್ನೂ ಸೇರಿಸಿ ಲೆಕ್ಕ ಮಾಡಿದಿರಾ?"

ನಮಗೆ ಉತ್ತರ ತೋಚಲಿಲ್ಲ. ಸೇರಿಸಿಯೇ ಮಾಡಿದ್ದೆವು. ಹಾಕಿಸಿದ ಪೆಟ್ರೋಲನ್ನೆಲ್ಲ ಉರಿದ ಪೆಟ್ರೋಲೆಂದು ಎಣಿಸಿದ್ದೆವು. ಕಣಜಕ್ಕೆ ತುಂಬಿದ ಭತ್ತವನ್ನೆಲ್ಲ ಉಂಡದ್ದಾಯಿತೆಂದು ಬರೆಯುವ ಗೃಹಿಣಿ ಲೋಕದಲ್ಲಿ ಯಾರಾದರೂ ಇದ್ದಾಳೆಯೆ? ಅಂದು ರಾತ್ರಿ ಕುಳಿತು ಮತ್ತೆ ಲೆಕ್ಕ ಹಾಕಿದೆವು. ಕಾರು ಕೈಗೆ ಬಂದಾಗ ಟ್ಯಾಂಕಿನಲ್ಲಿ ಸುಮಾರು ಐದು ಲೀಟರು ಇತ್ತು. ತಿಂಗಳ ಕೊನೆಗೆ, ತಳದಲ್ಲಿ ಉಳಿದದ್ದೂ ಅಂದು ಹಾಕಿಸಿದ್ದೂ ಸೇರಿ, ಇಪ್ಪತ್ತೆರಡರ ಹತ್ತಿರ ಇತ್ತು. ಎಂದರೆ ಕಳೆದುಹೋಯಿತೆಂದು ನಾವು ದುಃಖಿಸುತ್ತಿದ್ದ ಇಪ್ಪತ್ತೆಂಟು ಲೀಟರಿನಲ್ಲಿ ಹದಿನೇಳು ಲೀಟರು ಕಾರಿನ ಹೊಟ್ಟೆಯಲ್ಲಿಯೇ ತಣ್ಣಗೆ ಕುಳಿತಿತ್ತು. ನಿಜವಾಗಿ ಉರಿದದ್ದು 61.4 ಲೀಟರು, ಅದರಂತೆ ಲೀಟರಿಗೆ ಹದಿನಾರೂವರೆ ಕಿಲೋಮೀಟರು. ಉಳಿದ ಹನ್ನೊಂದು ಲೀಟರಿನ ಮಾತನ್ನು ಮುಂದೆ ಹೇಳುತ್ತೇವೆ.

ಈ "ಸುಮಾರು" ಎಂಬ ಪದವೇ ಇಲ್ಲದಂತೆ ಲೆಕ್ಕ ಮಾಡುವ ಕ್ರಮವೊಂದಿದೆ, ಅದನ್ನು ಕಲಿಸಿದವನೂ ಆ ಹುಡುಗನೇ. ಟ್ಯಾಂಕನ್ನು ಪೂರ್ತಿ ತುಂಬಿಸಿ, ಆ ಹೊತ್ತಿನ ದೂರಮಾಪಕದ ಅಂಕಿಯನ್ನು ಬರೆದುಕೊಳ್ಳಬೇಕು. ಮುಂದೆ ಎಷ್ಟು ದಿನವಾದರೂ ಓಡಿಸಿ, ನಡುವೆ ಎಷ್ಟು ಬಾರಿಯಾದರೂ ಅಲ್ಪಸ್ವಲ್ಪ ಹಾಕಿಸಿ, ಆದರೆ ಪ್ರತಿ ಬಾರಿಯ ಲೀಟರನ್ನೂ ಬರೆದಿಡಬೇಕು. ರೂಪಾಯಿಯನ್ನಲ್ಲ, ಲೀಟರನ್ನು, ರೂಪಾಯಿಯ ಬೆಲೆ ಬದಲಾಗುತ್ತದೆ, ಲೀಟರು ಬದಲಾಗುವುದಿಲ್ಲ. ಮತ್ತೊಮ್ಮೆ ಪೂರ್ತಿ ತುಂಬಿಸಿದ ದಿನ ಲೆಕ್ಕ ಮುಗಿಯುತ್ತದೆ. ಮೊದಲನೆಯ ಪೂರ್ಣಕ್ಕೂ ಎರಡನೆಯ ಪೂರ್ಣಕ್ಕೂ ನಡುವಿನ ದೂರವನ್ನು, ಆ ನಡುವೆ ಹಾಕಿಸಿದ ಒಟ್ಟು ಲೀಟರಿನಿಂದ ಭಾಗಿಸಬೇಕು. ಮೊದಲನೆಯ ಬಾರಿ ತುಂಬಿಸಿದ್ದನ್ನು ಸೇರಿಸಬಾರದು, ಕೊನೆಯ ಬಾರಿಯದನ್ನು ಬಿಡಬಾರದು. ನಮ್ಮ ಪುಸ್ತಕದ ಮೊದಲ ಸಾಲು ಹೀಗಿದೆ: ಪೂರ್ಣ ತುಂಬಿದಾಗ 1,846, ಮತ್ತೆ ಪೂರ್ಣ ತುಂಬಿದಾಗ 2,241, ಹಿಡಿದದ್ದು 24.1 ಲೀಟರು. ದೂರ 395 ಕಿಲೋಮೀಟರು, ಲೀಟರಿಗೆ 16.4.

ಪೂರ್ಣವೆಂದರೆ ಯಾವುದು ಎಂಬ ಪ್ರಶ್ನೆ ಇದೆ. ಬಂಕಿನ ನಳಿಕೆ ತಾನಾಗಿಯೇ "ಟಕ್" ಎಂದು ನಿಲ್ಲುವುದೇ ಪೂರ್ಣ. ಅಲ್ಲಿಂದ ಮುಂದೆ ರೂಪಾಯಿಯನ್ನು ದುಂಡಗೆ ಮಾಡಲೆಂದು ಇನ್ನಷ್ಟು ಸುರಿಸುವ ನಮ್ಮ ಜನರ ಚಾಳಿ ಲೆಕ್ಕವನ್ನು ಕೆಡಿಸುತ್ತದೆ, ಕಾರಿಗೂ ಒಳ್ಳೆಯದಲ್ಲ. ಪ್ರತಿ ಬಾರಿ ಅದೇ ಬಂಕು, ಸಾಧ್ಯವಾದರೆ ಅದೇ ಯಂತ್ರವಾದರೆ ಉತ್ತಮ. ಕಾರು ಓರೆಯಾಗಿ ನಿಂತರೆ ನಳಿಕೆ ಬೇಗನೆಯೋ ತಡವಾಗಿಯೋ ನಿಲ್ಲುವುದುಂಟು. ಬೆಳಗಿನ ಜಾವ ತಂಪಿನಲ್ಲಿ ತುಂಬಿಸಿದರೆ ಹೆಚ್ಚು ಸಿಗುತ್ತದೆಂದು ಹೇಳುವ ಹಿರಿಯರಿದ್ದಾರೆ. ಪೆಟ್ರೋಲು ಹತ್ತು ಡಿಗ್ರಿ ಉಷ್ಣಕ್ಕೆ ಶೇಕಡ ಒಂದರಷ್ಟು ಹಿಗ್ಗುವುದು ನಿಜ. ಆದರೆ ಬಂಕಿನ ತೊಟ್ಟಿ ನೆಲದೊಳಗೆ ಹುದುಗಿರುತ್ತದೆ. ಅಲ್ಲಿ ಬೆಳಗಿಗೂ ಮಧ್ಯಾಹ್ನಕ್ಕೂ ಹೇಳಿಕೊಳ್ಳುವಂಥ ಭೇದವಿಲ್ಲ. ನಿದ್ರೆ ಕೆಡಿಸಿಕೊಳ್ಳಬೇಕಾಗಿಲ್ಲ.

ಇನ್ನೊಂದು ತಪ್ಪು ನಮ್ಮಂಥ ಓದಿದವರಿಂದಲೇ ಆಗುವಂಥದು. ಒಮ್ಮೆ 150 ಕಿಲೋಮೀಟರಿಗೆ 12 ಲೀಟರು ಬೇಕಾಯಿತೆನ್ನಿ, ಅದು ಹನ್ನೆರಡೂವರೆ. ಮತ್ತೊಮ್ಮೆ 450 ಕಿಲೋಮೀಟರಿಗೆ 25 ಲೀಟರು, ಅದು ಹದಿನೆಂಟು. ಇವೆರಡನ್ನು ಕೂಡಿಸಿ ಅರ್ಧ ಮಾಡಿದರೆ ಹದಿನೈದೂಕಾಲು ಬರುತ್ತದೆ, ಅದು ಸುಳ್ಳು. ಒಟ್ಟು ದೂರ 600ನ್ನು ಒಟ್ಟು 37 ಲೀಟರಿನಿಂದ ಭಾಗಿಸಿದರೆ 16.2. ಸರಾಸರಿಗಳ ಸರಾಸರಿಯನ್ನು ತೆಗೆಯಬಾರದು.

ಈಗ ನಮ್ಮ ದಾರಿಯ ಮಾತು. ಬಂಟ್ವಾಳದಿಂದ ಪುಂಜಾಲಕಟ್ಟೆ, ಗುರುವಾಯನಕೆರೆಯ ಮೇಲೆ ಬೆಳ್ತಂಗಡಿ. ಹಿಂದಿರುಗಿ ಗುರುವಾಯನಕೆರೆಯಿಂದ ವೇಣೂರಿನ ಮೂಲಕ ಮೂಡುಬಿದಿರೆ. ಅಲ್ಲಿಂದ ಸಿದ್ಧಕಟ್ಟೆಯ ದಾರಿಯಾಗಿ ಮರಳಿ ಬಂಟ್ವಾಳ. ಒಂದು ಸುತ್ತಿಗೆ ನೂರು ಕಿಲೋಮೀಟರಿನ ಆಸುಪಾಸು. ನೂರರಲ್ಲಿ ನೇರವಾಗಿ, ಸಮತಟ್ಟಾಗಿ ಕಣ್ಣಿಗೆ ಬೀಳುವ ದಾರಿ ಎಷ್ಟಿದ್ದೀತು? ಗುಡ್ಡ ಹತ್ತಿ ಗದ್ದೆಗಿಳಿದು, ತೋಡು ದಾಟಿ ಮತ್ತೆ ಗುಡ್ಡ. ಬಿ.ಸಿ.ರೋಡಿನ ಜನಸಂದಣಿಯಲ್ಲಿ ಕಾರು ನಿಂತಲ್ಲಿಯೇ ಉರಿಯುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಇಲ್ಲಿಯ ಮಳೆಯನ್ನು ಬಯಲುಸೀಮೆಯ ಬಂಧುಗಳು ಊಹಿಸಿಕೊಳ್ಳಲಾರರು. ಗಾಜಿಗೆ ಮಂಜು ಕವಿಯದಿರಲೆಂದು ಏಸಿ ಹಾಕಲೇಬೇಕು, ಎರಡನೆಯ ಗೇರಿನಲ್ಲಿಯೇ ಸಾಗಬೇಕು. ಮಳೆಗಾಲದ ಲೆಕ್ಕವನ್ನು ಬೇಸಿಗೆಯ ಲೆಕ್ಕದೊಡನೆ ಹೋಲಿಸಿ ಚಾಲಕನನ್ನು ಗದರುವುದು ಅನ್ಯಾಯ.

ಘಟ್ಟದ ವಿಷಯವಂತೂ ವಿನೋದಕರ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿಯನ್ನಿಳಿದು ಬೆಳ್ತಂಗಡಿಗೆ ಬಂದ ಭಕ್ತರೊಬ್ಬರು ತಮ್ಮ ಕಾರು ಇಪ್ಪತ್ತೈದು ಕೊಡುತ್ತದೆಂದು ಪ್ರವಚನಕ್ಕೆ ಕುಳಿತ ಸಭೆಯಲ್ಲಿಯೇ ಹೇಳಿಕೊಂಡರು. ಇಳಿಯುವಾಗ ಕಾರನ್ನು ನಡೆಸಿದ್ದು ಪೆಟ್ರೋಲಲ್ಲ, ಘಟ್ಟ. ಮರಳಿ ಹತ್ತಿ ಮನೆ ಸೇರಿದ ಮೇಲೆ ಲೆಕ್ಕ ಹೇಳಿರೆಂದೆವು. ಅವರಿಂದ ಇದುವರೆಗೆ ವರ್ತಮಾನವಿಲ್ಲ. ಹತ್ತುವಾಗ ಕೊಟ್ಟದ್ದನ್ನೆಲ್ಲ ಇಳಿಯುವಾಗ ಹಿಂದಕ್ಕೆ ಪಡೆಯಲಾಗುವುದಿಲ್ಲ, ತಿರುವುತಿರುವಿನಲ್ಲಿಯೂ ಬ್ರೇಕು ಅದನ್ನು ಬಿಸಿಯಾಗಿಸಿ ಕಳೆದುಬಿಡುತ್ತದೆ.

ಉಳಿದ ಹನ್ನೊಂದು ಲೀಟರಿಗೆ ಬರೋಣ. ಪುಸ್ತಿಕೆಯ ಇಪ್ಪತ್ತು ಎಂಬ ಅಂಕಿ ಸುಳ್ಳಲ್ಲ, ಆದರೆ ಅದು ಬಂಟ್ವಾಳದ ಅಂಕಿಯಲ್ಲ. ಪುಣೆಯಲ್ಲಿ 1966ರಲ್ಲಿ ಸ್ಥಾಪನೆಯಾದ ಭಾರತೀಯ ವಾಹನ ಸಂಶೋಧನ ಸಂಸ್ಥೆಯಂಥ ಪರೀಕ್ಷಾ ಕೇಂದ್ರಗಳಲ್ಲಿ ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ, ನಿಗದಿಯಾದ ವೇಗಗಳಲ್ಲಿ, ಗಂಟೆಗೆ 90 ಕಿಲೋಮೀಟರನ್ನು ಮೀರದಂತೆ, ಕೋಣೆಯೊಳಗೆ ಓಡಿಸಿ ಅಳೆದ ಅಂಕಿ ಅದು. ಅಲ್ಲಿ ಏಸಿಯಿಲ್ಲ, ಗುಡ್ಡವಿಲ್ಲ, ಮಳೆಯಿಲ್ಲ, ಅಡ್ಡ ಬರುವ ದನವಿಲ್ಲ. ಒಂದು ಕಾರನ್ನು ಇನ್ನೊಂದರೊಡನೆ ತೂಗಿ ನೋಡಲು ಅದು ಉಪಯುಕ್ತ. ಚಾಲಕನ ಪ್ರಾಮಾಣಿಕತೆಯನ್ನು ತೂಗುವ ತಕ್ಕಡಿ ಅದಲ್ಲ.

ಜೊತೆಗೆ ಪೆಟ್ರೋಲೂ ಹಿಂದಿನ ಪೆಟ್ರೋಲಲ್ಲ. 2025ರ ವೇಳೆಗೆ ನಮ್ಮ ದೇಶದಲ್ಲಿ ಅದಕ್ಕೆ ನೂರಕ್ಕೆ ಇಪ್ಪತ್ತು ಪಾಲು ಎಥನಾಲು ಬೆರೆಯತೊಡಗಿದೆ. ಕಬ್ಬು, ಮೆಕ್ಕೆಜೋಳ, ಅಕ್ಕಿಗಳಿಂದ ಅದನ್ನು ತೆಗೆಯುತ್ತಾರೆ. ಬೆಳಗಾವಿ, ಬಾಗಲಕೋಟೆಗಳ ಕಡೆ ಈ ಪತ್ರಿಕೆಯನ್ನು ಓದುವ ಬಂಧುಗಳ ಹೊಲದ ಕಬ್ಬೂ ನಮ್ಮ ಕಾರಿನಲ್ಲಿ ಉರಿಯುತ್ತಿದ್ದೀತು, ಅದು ಸಂತೋಷವೇ. ಆದರೆ ಒಂದು ಲೀಟರು ಎಥನಾಲಿನಲ್ಲಿರುವ ಶಕ್ತಿ ಒಂದು ಲೀಟರು ಪೆಟ್ರೋಲಿನದಕ್ಕಿಂತ ಸುಮಾರು ಮೂರನೆಯ ಒಂದು ಪಾಲು ಕಡಿಮೆ. ಐದರಲ್ಲೊಂದು ಪಾಲು ಬೆರೆತರೆ, ಬೆರಕೆಯಿಲ್ಲದ ಪೆಟ್ರೋಲಿಗಿಂತ ಪ್ರತಿ ಲೀಟರಿನ ಶಕ್ತಿಯಲ್ಲಿ ಶೇಕಡ ಆರು ಏಳರಷ್ಟು ಇಳಿಯುತ್ತದೆ. ಅದಕ್ಕೆಂದೇ ಹೊಂದಿಸಿದ ಎಂಜಿನ್ನು ಅದರಲ್ಲಿ ಸ್ವಲ್ಪವನ್ನು ಸರಿದೂಗಿಸಿಕೊಳ್ಳಬಹುದು, ಪೂರ್ತಿಯನ್ನಲ್ಲ. ಟೈರಿನ ಗಾಳಿ ಕಡಿಮೆಯಿದ್ದರೆ ಇನ್ನಷ್ಟು ಇಳಿಯುತ್ತದೆ. ಹನ್ನೊಂದು ಲೀಟರು ಹೀಗೆ ಚಿಲ್ಲರೆ ಚಿಲ್ಲರೆಯಾಗಿ ಸೋರಿತ್ತು, ಯಾರೂ ಕದ್ದಿರಲಿಲ್ಲ.

ಕಾರಿನ ಎದುರು ಫಲಕದಲ್ಲಿಯೇ ಮೈಲೇಜು ಕಾಣಿಸುತ್ತದಲ್ಲ, ಈ ಗೊಡವೆಯೆಲ್ಲ ಏಕೆಂದು ಕೇಳುವವರಿದ್ದಾರೆ. ಆ ಯಂತ್ರ ಪೆಟ್ರೋಲನ್ನು ಅಳೆದು ಹೇಳುವುದಿಲ್ಲ, ಎಂಜಿನ್ನಿಗೆ ತೈಲವನ್ನು ಚಿಮ್ಮಿಸುವ ಸೂಜಿ ಎಷ್ಟು ಹೊತ್ತು ತೆರೆದಿತ್ತೆಂಬುದರಿಂದ ಅಂದಾಜು ಮಾಡಿ ಹೇಳುತ್ತದೆ. ಮೂರು ತಿಂಗಳಲ್ಲಿ ನಮ್ಮ ಪುಸ್ತಕದ ಲೆಕ್ಕ 2,964 ಕಿಲೋಮೀಟರಿಗೆ 178.6 ಲೀಟರು, ಎಂದರೆ 16.6. ಫಲಕ ಅದೇ ಅವಧಿಗೆ 17.9 ತೋರಿಸಿತು. ಒಡೆಯನನ್ನು ಸಂತೋಷಪಡಿಸುವ ಸ್ವಭಾವ ಯಂತ್ರಕ್ಕೂ ಇದೆ. ದೂರಮಾಪಕವನ್ನೂ ಒಮ್ಮೆ ಹೆದ್ದಾರಿಯ ಕಿಲೋಮೀಟರು ಕಲ್ಲುಗಳೊಡನೆ ಹೋಲಿಸಿ ನೋಡಿದೆವು. ಇಪ್ಪತ್ತು ಕಲ್ಲುಗಳಿಗೆ ವ್ಯತ್ಯಾಸ ತೀರ ಅಲ್ಪವಾಗಿತ್ತು. ಟೈರು ಸವೆದ ಮೇಲೆ ಚಕ್ರ ಕಿರಿದಾಗಿ, ಓಡಿದ್ದಕ್ಕಿಂತ ಕೊಂಚ ಹೆಚ್ಚು ತೋರಿಸುತ್ತದೆಂಬುದನ್ನು ಮಾತ್ರ ನೆನಪಿನಲ್ಲಿಡಬೇಕು.

ಮುಂದಿನ ಸಭೆಯಲ್ಲಿ ನಾವು ಪರಿಷ್ಕೃತ ಲೆಕ್ಕವನ್ನು ಓದಿದೆವು. ಹಿಂದಿನ ಸಭೆಯಲ್ಲಿ 12.9 ಎಂದು ಓದಿದ್ದು ನಮ್ಮ ತಪ್ಪು, ತಿದ್ದಿದವನು ಈತ ಎಂದು, ಬಾಗಿಲ ಬಳಿ ನಿಂತಿದ್ದ ಹುಡುಗನನ್ನು ಒಳಗೆ ಕರೆದು ಎಲ್ಲರೆದುರು ಹೇಳಿದೆವು. ಶಂಕೆಯ ಮಾತನ್ನು ಅಂದು ಬಾಯಿಬಿಟ್ಟು ಹೇಳಲಾಗಲಿಲ್ಲ. ಹಿಂದಿರುಗುವ ದಾರಿಯಲ್ಲಿ, ಸಿದ್ಧಕಟ್ಟೆ ದಾಟಿದ ಮೇಲೆ ಹೇಳಿದೆವು. ಆತ, "ನನಗೆ ಅವತ್ತೇ ಗೊತ್ತಾಗಿತ್ತು ಗುರುಗಳೇ" ಎಂದಷ್ಟೇ ಹೇಳಿ ಗೇರು ಬದಲಿಸಿದ.

ಲೆಕ್ಕದ ಪುಸ್ತಕ ಈಗ ಅವನ ವಶದಲ್ಲಿದೆ. ಕಳೆದ ಶುಕ್ರವಾರದ ಸಾಲು ಅವನದೇ ಕೈಬರಹದಲ್ಲಿ ಹೀಗಿದೆ: 412 ಕಿಲೋಮೀಟರು, 24.5 ಲೀಟರು, 16.8. ಪಕ್ಕದಲ್ಲಿ ಚಿಕ್ಕ ಅಕ್ಷರಗಳಲ್ಲಿ, ಟೈರಿಗೆ ಗಾಳಿ ಹಾಕಿಸಿದೆ, ಎಂದು ಬರೆದಿದ್ದಾನೆ.