ಭಾವೀ ನರ್ಸುಗಳಿಗೆ ಯಾವ ಭಾಷೆ? ಸ್ಪ್ಯಾನಿಷ್, ಜರ್ಮನ್ ಮತ್ತು ಸವದತ್ತಿಯ ಮರಾಠಿ

ಹೊರದೇಶಕ್ಕೆ ಹೋಗಬಯಸುವ ನರ್ಸಿಂಗ್ ವಿದ್ಯಾರ್ಥಿನಿ ಯಾವ ಭಾಷೆ ಕಲಿಯಬೇಕು? ಇದು ಬೆಂಗಳೂರು, ಮಂಗಳೂರುಗಳ ಪ್ರಶ್ನೆ ಎಂದು ತಳ್ಳಿಹಾಕುವಂತಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಂಥ ತಾಲ್ಲೂಕುಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿಗೆ ನರ್ಸಿಂಗ್ ಎಂದರೆ ಬೇಗ ಕೈಗೆ ಸಿಗುವ ಉದ್ಯೋಗ. ಅವಳಿಗೆ ಮೊದಲು ಎದುರಾಗುವ ಪರಭಾಷೆ ಪಠ್ಯಪುಸ್ತಕದ ಇಂಗ್ಲಿಷ್. ಹೊರದೇಶದ ಆಸೆ ಮೂಡಿದರೆ ಇನ್ನೊಂದು ಭಾಷೆ ಸೇರಿಕೊಳ್ಳುತ್ತದೆ.

ಅಮೆರಿಕದಲ್ಲಿ ನಾಲ್ಕು ಕೋಟಿಗೂ ಹೆಚ್ಚು ಜನ ಮನೆಯಲ್ಲಿ ಸ್ಪ್ಯಾನಿಷ್ ಆಡುತ್ತಾರೆ. ಟೆಕ್ಸಾಸ್, ಕ್ಯಾಲಿಫೋರ್ನಿಯಾ, ಫ್ಲಾರಿಡಾಗಳ ಆಸ್ಪತ್ರೆಗಳಲ್ಲಿ ಈ ಭಾಷೆ ಬಲ್ಲ ನರ್ಸಿಗೆ ಬೆಲೆ ಹೆಚ್ಚು. ಭಾಷೆ ತಿಳಿಯದಿದ್ದರೆ ಏನಾಗುತ್ತದೆಂಬುದಕ್ಕೆ ಅಲ್ಲಿನ ವೈದ್ಯಕೀಯ ವಲಯದಲ್ಲಿ ಇಂದಿಗೂ ಉಲ್ಲೇಖಿಸುವ ಪ್ರಕರಣ 1980ರಲ್ಲಿ ಫ್ಲಾರಿಡಾದಲ್ಲಿ ನಡೆಯಿತು. ಪ್ರಜ್ಞೆ ತಪ್ಪಿದ 18 ವರ್ಷದ ಯುವಕನನ್ನು ಕರೆತಂದ ಕ್ಯೂಬಾ ಮೂಲದ ಕುಟುಂಬದವರು ‘ಇಂತಾಕ್ಸಿಕಾದೋ’ ಎಂದರು. ತಿಂದದ್ದೇನೋ ವಿಷವಾಗಿದೆ ಎಂಬುದು ಅವರ ಭಾವ. ವೈದ್ಯರು ಅದನ್ನು ಇಂಗ್ಲಿಷಿನ ಅರ್ಥದಲ್ಲಿ ಗ್ರಹಿಸಿ, ಮಾದಕ ವಸ್ತುವಿನ ಅತಿಸೇವನೆ ಎಂದು ಚಿಕಿತ್ಸೆ ಆರಂಭಿಸಿದರು. ಆತನಿಗೆ ಆಗಿದ್ದುದು ಮಿದುಳಿನ ರಕ್ತಸ್ರಾವ. ಅದು ಗೊತ್ತಾಗುವ ಹೊತ್ತಿಗೆ ಕೈಕಾಲುಗಳ ಸ್ವಾಧೀನ ಶಾಶ್ವತವಾಗಿ ಹೋಗಿತ್ತು. ಪರಿಹಾರದ ಮೊತ್ತ ಸುಮಾರು 7.1 ಕೋಟಿ ಡಾಲರಿನವರೆಗೆ ಹೋಯಿತು. ದುಭಾಷಿಯೊಬ್ಬನನ್ನು ಕರೆಸುವ ಖರ್ಚು ಅದರ ಮುಂದೆ ಎಷ್ಟರದು?

ಹಾಗೆಂದು ನಮ್ಮ ವಿದ್ಯಾರ್ಥಿನಿ ಇಂದೇ ಸ್ಪ್ಯಾನಿಷ್ ತರಗತಿಗೆ ಓಡಬೇಕಾಗಿಲ್ಲ. ಐದು ಸ್ವರಗಳ, ಬರೆದಂತೆಯೇ ಓದುವ ಆ ಭಾಷೆ ಕನ್ನಡದ ನಾಲಿಗೆಗೆ ಇಂಗ್ಲಿಷಿಗಿಂತ ಸುಲಭವಾದೀತು, ನಿಜ. ಆದರೆ ಅಮೆರಿಕದ ಬಾಗಿಲು ತೆರೆಯುವುದು ಎನ್‌ಕ್ಲೆಕ್ಸ್ ಪರೀಕ್ಷೆ ಮತ್ತು ಇಂಗ್ಲಿಷ್ ಪರೀಕ್ಷೆಗಳಿಂದ. ಅವೆರಡನ್ನು ದಾಟಿದರೂ ಭಾರತೀಯರಿಗೆ ವಲಸೆ ವೀಸಾದ ಸರದಿ ವರ್ಷಗಟ್ಟಲೆ. ಸ್ಪ್ಯಾನಿಷ್ ಅಲ್ಲಿ ನೆಲೆಸಿದವರಿಗೆ ಹೆಚ್ಚುವರಿ ಅರ್ಹತೆಯಷ್ಟೆ.

ಭಾಷೆಯೇ ಪ್ರವೇಶಪತ್ರವಾಗಿರುವ ದೇಶ ಜರ್ಮನಿ. 2022ರ ಡಿಸೆಂಬರಿನಲ್ಲಿ ಭಾರತದೊಡನೆ ವಲಸೆ ಒಪ್ಪಂದಕ್ಕೆ ಸಹಿ ಹಾಕಿದ ಆ ದೇಶ, 2024ರ ಅಕ್ಟೋಬರಿನಲ್ಲಿ ಕುಶಲ ಭಾರತೀಯರಿಗೆ ನೀಡುವ ವಾರ್ಷಿಕ ವೀಸಾಗಳ ಸಂಖ್ಯೆಯನ್ನು 20,000ದಿಂದ 90,000ಕ್ಕೆ ಏರಿಸುವುದಾಗಿ ಘೋಷಿಸಿತು. ಆದರೆ ಅಲ್ಲಿ ಪೂರ್ಣ ಪ್ರಮಾಣದ ನರ್ಸ್ ಎನಿಸಿಕೊಳ್ಳಲು ಸಾಮಾನ್ಯವಾಗಿ ಬಿ-2 ಮಟ್ಟದ ಜರ್ಮನ್ ಬೇಕು. ಶೂನ್ಯದಿಂದ ಆ ಮಟ್ಟ ತಲುಪಲು 45 ನಿಮಿಷಗಳ 600ರಿಂದ 800 ಪಾಠಗಳು ಬೇಕೆಂದು ಗಯಟೆ ಸಂಸ್ಥೆಯೇ ಹೇಳುತ್ತದೆ. ಮಾನ್ಯತೆ ಸಿಗುವವರೆಗೆ ಸಹಾಯಕಿಯ ದರ್ಜೆ, ಸಹಾಯಕಿಯ ಸಂಬಳ.

ಈ 800 ಪಾಠಗಳ ಹಣ ಯಾರದು ಎಂಬಲ್ಲೇ ವಿಷಯದ ತಿರುಳಿದೆ. ಕೇರಳ ಸರ್ಕಾರದ ನೋರ್ಕಾ ರೂಟ್ಸ್ 2021ರ ಡಿಸೆಂಬರಿನಲ್ಲಿ ಜರ್ಮನಿಯ ಸರ್ಕಾರಿ ಸಂಸ್ಥೆಗಳೊಡನೆ ‘ಟ್ರಿಪಲ್ ವಿನ್’ ಒಪ್ಪಂದ ಮಾಡಿಕೊಂಡಿತು. ಆಯ್ಕೆಯಾದವರಿಗೆ ಬಿ-1 ವರೆಗಿನ ಭಾಷಾ ತರಬೇತಿ ಕೇರಳದಲ್ಲೇ ಉಚಿತ, ಮುಂದಿನದು ಜರ್ಮನಿಯಲ್ಲಿ. ಕರ್ನಾಟಕದಲ್ಲಿ ಕೌಶಲ ಅಭಿವೃದ್ಧಿ ನಿಗಮದ ಅಡಿ ಅಂತರರಾಷ್ಟ್ರೀಯ ವಲಸೆ ಕೇಂದ್ರವೇನೋ ಇದೆ, ಅದಿರುವುದು ಬೆಂಗಳೂರಿನಲ್ಲಿ. ರಾಮದುರ್ಗದ ನೇಕಾರರ ಮಗಳು ಬೆಂಗಳೂರಿನಲ್ಲಿ ಪಿಜಿ ಹಿಡಿದು ವರ್ಷವಿಡೀ ಭಾಷೆ ಕಲಿಯುವುದು ಸಾಲವಿಲ್ಲದೆ ಆಗುವ ಮಾತಲ್ಲ.

ಸಾಲದ ಹಿಂದೆಯೇ ಏಜೆಂಟರು ಬರುತ್ತಾರೆ. 1983ರ ವಲಸೆ ಕಾಯ್ದೆಯಡಿ ನೋಂದಾಯಿತ ಏಜೆಂಟರು ಪಡೆಯಬಹುದಾದ ಸೇವಾಶುಲ್ಕಕ್ಕೆ 30,000 ರೂಪಾಯಿಯ ಮಿತಿ ಹಾಕಲಾಯಿತು; ಜಿಎಸ್‌ಟಿ ಪ್ರತ್ಯೇಕ. ಕೊಲ್ಲಿ ರಾಷ್ಟ್ರಗಳಿಗೆ ಹೋಗುವ ನರ್ಸುಗಳಿಂದ ವಿಪರೀತ ಹಣ ಕೀಳುತ್ತಿದ್ದ ದೂರುಗಳ ಬಳಿಕ, 2015ರಲ್ಲಿ ಕೇಂದ್ರವು ಆ ನೇಮಕಾತಿಯನ್ನು ಸರ್ಕಾರಿ ಸಂಸ್ಥೆಗಳಿಗೆ ಸೀಮಿತಗೊಳಿಸಬೇಕಾಯಿತು. ಜರ್ಮನಿಗೆ ಆ ನಿರ್ಬಂಧವಿಲ್ಲ. ‘ಭಾಷಾ ತರಬೇತಿ’ ಎಂದು ಬೇರೆ ರಸೀದಿ ಹರಿದರೆ 30,000ದ ಮಿತಿಗೆ ಅರ್ಥವೇ ಉಳಿಯದು. ಸಹಿ ಹಾಕುವ ಮುನ್ನ ಏಜೆಂಟರ ನೋಂದಣಿಯನ್ನು ಕೇಂದ್ರದ ಇ-ಮೈಗ್ರೇಟ್ ಜಾಲತಾಣದಲ್ಲಿ ಪರಿಶೀಲಿಸುವುದು ಪೋಷಕರ ಕೈಯಲ್ಲಿರುವ ಕನಿಷ್ಠ ರಕ್ಷಣೆ.

ಬೆಳಗಾವಿಯ ನರ್ಸಿಂಗ್ ಕಾಲೇಜುಗಳಲ್ಲೇ ಮೂರನೆಯ ವರ್ಷದಿಂದ ಸಂಜೆಯ ಜರ್ಮನ್ ತರಗತಿ ನಡೆಸಲು ಸರ್ಕಾರಕ್ಕೆ ಇರುವ ಅಡ್ಡಿಯೇನು? ಪದವಿ ಮುಗಿಯುವ ಹೊತ್ತಿಗೆ ಅರ್ಧ ದಾರಿ ಸವೆದಿರುತ್ತದೆ. ಇಂಥ ವ್ಯವಸ್ಥೆಯಿಂದ ಇಲ್ಲಿನ ನರ್ಸುಗಳೆಲ್ಲ ಹೊರಟುಹೋದಾರು ಎಂಬ ಆಕ್ಷೇಪ ಸುಳ್ಳಲ್ಲ. ಆದರೆ ಹೋಗುವವರು ಈಗಲೂ ಹೋಗುತ್ತಿದ್ದಾರೆ, ಸಾಲ ಹೊತ್ತು ಹೋಗುತ್ತಿದ್ದಾರೆ.

ಇನ್ನು ಇಲ್ಲೇ ಉಳಿಯುವವರ ಮಾತು. ಸವದತ್ತಿ ಭಾಗದ ಮುದುಕಿಯೊಬ್ಬಳು ಸೊಸೆ ‘ಬ್ಯಾನಿ ತಿನ್ನಾಕತ್ತಾಳ’ ಎಂದರೆ ಹೆರಿಗೆ ನೋವು ಶುರುವಾಗಿದೆ ಎಂದರ್ಥ. ಹಳೇ ಮೈಸೂರಿನಿಂದ ವರ್ಗವಾಗಿ ಬಂದ ಕನ್ನಡತಿಗೂ ಇದು ತಕ್ಷಣ ತಿಳಿಯಲಿಕ್ಕಿಲ್ಲ. ಕೇರಳದ ಸಿಸ್ಟರಿಗಂತೂ ದೂರದ ಮಾತು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಿಗೆ ಯಲ್ಲಮ್ಮನ ಗುಡ್ಡಕ್ಕೆ ಮಹಾರಾಷ್ಟ್ರದಿಂದ ಭಕ್ತಸಾಗರವೇ ಬರುತ್ತದೆ. ಆ ಗುಂಪಿನ ಗರ್ಭಿಣಿ ಅದೇ ನೋವನ್ನು ‘ಕಳಾ’ ಎನ್ನುತ್ತಾಳೆ. ಕಿತ್ತೂರಿನ ಬಳಿ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಗಾಯಗೊಂಡ ಲಾರಿ ಚಾಲಕ ಯಾವ ರಾಜ್ಯದವನೂ ಆಗಿರಬಹುದು. ನೋವು ಎಲ್ಲಿ, ಎಂದಿನಿಂದ, ಏನು ತಿಂದಿರಿ, ಯಾವ ಮಾತ್ರೆ ನುಂಗುತ್ತೀರಿ ಎಂಬ ನಾಲ್ಕಾರು ಪ್ರಶ್ನೆಗಳನ್ನು ಮರಾಠಿ, ಹಿಂದಿ, ತೆಲುಗುಗಳಲ್ಲಿ ಕನ್ನಡ ಲಿಪಿಯಲ್ಲೇ ಅಚ್ಚುಹಾಕಿ ವಾರ್ಡಿನ ಗೋಡೆಗೆ ಅಂಟಿಸಲು ತಾಲ್ಲೂಕು ಆಸ್ಪತ್ರೆಗೆ ಕೆಲವು ನೂರು ರೂಪಾಯಿ ಸಾಕು. ಮುಂದಿನ ಬನದ ಹುಣ್ಣಿಮೆಯೊಳಗೆ ಆರೋಗ್ಯ ಇಲಾಖೆ ಇದನ್ನು ಮಾಡಬಹುದು. ಜರ್ಮನ್ ತರಗತಿಗೆ ಮಾತ್ರ ಬಜೆಟ್ಟಿನಲ್ಲಿ ಹಣ ಇಡಬೇಕಾಗುತ್ತದೆ.