ಸೂಪರ್ ಬೌಲ್ 59: ಪಂದ್ಯಪೂರ್ವ ವಿಶ್ಲೇಷಣೆ ಮತ್ತು ಮುನ್ನಂದಾಜುಗಳು

ಸೂಪರ್ ಬೌಲ್ 59 ಅಮೆರಿಕದ ನ್ಯಾಷನಲ್ ಫುಟ್‌ಬಾಲ್ ಲೀಗ್‌ನ 2024ರ ಕ್ರೀಡಾಋತುವಿನ ಅಂತಿಮ ಪಂದ್ಯವಾಗಿದೆ. ಈ ಪಂದ್ಯವು 2025ರ ಫೆಬ್ರವರಿ 9ರಂದು ಲೂಸಿಯಾನಾ ರಾಜ್ಯದ ನ್ಯೂ ಆರ್ಲಿಯನ್ಸ್ ನಗರದ ಸೀಸರ್ಸ್ ಸೂಪರ್‌ಡೋಮ್ ಕ್ರೀಡಾಂಗಣದಲ್ಲಿ ಕಾನ್ಸಾಸ್ ಸಿಟಿ ಚೀಫ್ಸ್ ಮತ್ತು ಫಿಲಡೆಲ್ಫಿಯಾ ಈಗಲ್ಸ್ ತಂಡಗಳ ನಡುವೆ ನಡೆಯಿತು. ಭಾರತೀಯ ಕಾಲಮಾನದಲ್ಲಿ ಅದು ಫೆಬ್ರವರಿ 10ರ ಬೆಳಗಿನ 5 ಗಂಟೆ. ಪಂದ್ಯಕ್ಕೆ ಮುನ್ನ ಬೆಟ್ಟಿಂಗ್ ಸಂಸ್ಥೆಗಳು ಚೀಫ್ಸ್ ತಂಡಕ್ಕೆ ಅಲ್ಪ ಮೇಲುಗೈಯನ್ನು ಅಂದಾಜಿಸಿದ್ದವು. ಆದರೆ ಈಗಲ್ಸ್ ತಂಡ 40–22 ಅಂಕಗಳಿಂದ ಜಯಗಳಿಸಿತು. ಕ್ರೀಡಾ ಮುನ್ನಂದಾಜುಗಳು ಹೇಗೆ ರೂಪುಗೊಳ್ಳುತ್ತವೆ, ಎಲ್ಲಿ ಎಡವುತ್ತವೆ ಎಂಬುದಕ್ಕೆ ಈ ಪಂದ್ಯ ಒಂದು ನಿದರ್ಶನವಾಗಿದೆ.

ಹಿನ್ನೆಲೆ

ಅಮೆರಿಕನ್ ಫುಟ್‌ಬಾಲ್ ಆಟದಲ್ಲಿ ಪ್ರತಿ ತಂಡದಿಂದ 11 ಆಟಗಾರರು ಏಕಕಾಲಕ್ಕೆ ಕಣದಲ್ಲಿರುತ್ತಾರೆ. ಚೆಂಡು ಹೊಂದಿದ ತಂಡವು ನಾಲ್ಕು ಯತ್ನಗಳೊಳಗೆ 10 ಯಾರ್ಡ್ ಮುನ್ನಡೆಯಬೇಕು. ಇಲ್ಲವಾದರೆ ಚೆಂಡು ಎದುರಾಳಿಗೆ ಸೇರುತ್ತದೆ. ಆಕ್ರಮಣವನ್ನು ನಡೆಸುವ ಆಟಗಾರನನ್ನು ಕ್ವಾರ್ಟರ್‌ಬ್ಯಾಕ್ ಎನ್ನುತ್ತಾರೆ. ಆತನ ಮುಂದೆ ನಿಂತು ರಕ್ಷಿಸುವ ಐವರ ಸಾಲಿಗೆ ಆಫೆನ್ಸಿವ್ ಲೈನ್ ಎಂದು ಹೆಸರು. ಚೆಂಡನ್ನು ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಹಿಡಿದು ಕೆಡವುವುದು ಸ್ಯಾಕ್ ಎನಿಸುತ್ತದೆ.

ಚೀಫ್ಸ್ ತಂಡ 2023ರಲ್ಲಿ ಇದೇ ಈಗಲ್ಸ್ ತಂಡವನ್ನು 38–35ರಿಂದಲೂ, 2024ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ತಂಡವನ್ನು ಹೆಚ್ಚುವರಿ ಅವಧಿಯಲ್ಲಿ 25–22ರಿಂದಲೂ ಸೋಲಿಸಿತ್ತು. ಸೂಪರ್ ಬೌಲ್ ಇತಿಹಾಸದಲ್ಲಿ ಯಾವ ತಂಡವೂ ಸತತ ಮೂರು ಬಾರಿ ಪ್ರಶಸ್ತಿ ಗೆದ್ದಿರಲಿಲ್ಲ. ಸತತ ಎರಡು ಪ್ರಶಸ್ತಿಗಳ ನಂತರ ಮೂರನೆಯ ಬಾರಿಯೂ ಅಂತಿಮ ಪಂದ್ಯವನ್ನು ತಲುಪಿದ ಮೊದಲ ತಂಡ ಚೀಫ್ಸ್ ಆಗಿತ್ತು. ಈ ಐತಿಹಾಸಿಕ ಸಾಧ್ಯತೆಯೇ ಪಂದ್ಯಪೂರ್ವ ಚರ್ಚೆಯ ಕೇಂದ್ರವಾಯಿತು. ಚೀಫ್ಸ್ ತರಬೇತುದಾರ ಆಂಡಿ ರೀಡ್ ಅವರು 1999ರಿಂದ 2012ರವರೆಗೆ ಈಗಲ್ಸ್ ತರಬೇತುದಾರರಾಗಿದ್ದುದು ಚರ್ಚೆಗೆ ಮತ್ತೊಂದು ಆಯಾಮವನ್ನು ನೀಡಿತು.

ಅಂಕಾಂತರದ ಅರ್ಥ

ಅಮೆರಿಕದಲ್ಲಿ ಮುನ್ನಂದಾಜಿನ ಸಾಮಾನ್ಯ ಮಾನದಂಡವೆಂದರೆ ಬೆಟ್ಟಿಂಗ್ ಸಂಸ್ಥೆಗಳು ಪ್ರಕಟಿಸುವ ಅಂಕಾಂತರ. ಕ್ರೀಡಾ ಬೆಟ್ಟಿಂಗ್‌ಗೆ ಅನುಮತಿ ನೀಡದಂತೆ ರಾಜ್ಯಗಳನ್ನು ತಡೆದಿದ್ದ ಒಕ್ಕೂಟ ಕಾನೂನನ್ನು 2018ರ ಮೇ ತಿಂಗಳಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ರದ್ದುಗೊಳಿಸಿತು. ಆ ಬಳಿಕ ಈ ಸಂಖ್ಯೆಗಳು ದೂರದರ್ಶನದ ದೈನಂದಿನ ಚರ್ಚೆಯ ಭಾಗವಾದವು. ಸೂಪರ್ ಬೌಲ್ 59ಕ್ಕೆ ಚೀಫ್ಸ್ ಪರ ಸುಮಾರು ಒಂದೂವರೆ ಅಂಕದ ಅಂತರವನ್ನು ನಿಗದಿಪಡಿಸಲಾಗಿತ್ತು.

ಅಂಕಾಂತರವನ್ನು ಭವಿಷ್ಯವಾಣಿಯೆಂದು ಭಾವಿಸುವುದು ಸರಿಯಲ್ಲ. ಎರಡೂ ತಂಡಗಳ ಮೇಲೆ ಹೂಡಲಾಗುವ ಹಣ, ಲಭ್ಯ ಮಾಹಿತಿ ಮತ್ತು ಜನರ ನಂಬಿಕೆ ಇವೆಲ್ಲವುಗಳ ಒತ್ತಡದಲ್ಲಿ ಅದು ಏರಿಳಿಯುವ ಮಾರುಕಟ್ಟೆಯ ಬೆಲೆಯಾಗಿದೆ. ಒಂದೂವರೆ ಅಂಕದ ಅಂತರವೆಂದರೆ ಎರಡೂ ತಂಡಗಳು ಹೆಚ್ಚುಕಡಿಮೆ ಸಮಬಲದವು ಎಂದೇ ಅರ್ಥ.

ಚೀಫ್ಸ್ ಪರವಾದ ವಾದಗಳು

ಚೀಫ್ಸ್ ತಂಡ ಲೀಗ್ ಹಂತದಲ್ಲಿ 15 ಪಂದ್ಯಗಳನ್ನು ಗೆದ್ದು 2ರಲ್ಲಿ ಸೋತಿತ್ತು. ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಅದುವರೆಗೆ ಆಡಿದ್ದ 20 ಪ್ಲೇಆಫ್ ಪಂದ್ಯಗಳಲ್ಲಿ 17ರಲ್ಲಿ ತಂಡ ಜಯಗಳಿಸಿತ್ತು. ಎಂಟು ಅಥವಾ ಅದಕ್ಕಿಂತ ಕಡಿಮೆ ಅಂಕಗಳ ಅಂತರದಲ್ಲಿ ಮುಗಿದ ಲೀಗ್ ಹಂತದ 11 ಪಂದ್ಯಗಳಲ್ಲಿಯೂ ಚೀಫ್ಸ್ ಗೆದ್ದಿತ್ತು. ಸೆಮಿಫೈನಲ್‌ಗೆ ಸಮಾನವಾದ ಕಾನ್ಫರೆನ್ಸ್ ಅಂತಿಮ ಪಂದ್ಯದಲ್ಲಿ ಬಫಲೊ ಬಿಲ್ಸ್ ವಿರುದ್ಧವೂ ಅದು 32–29ರಿಂದ ಪಾರಾಯಿತು. ಹೀಗಾಗಿ ಕೊನೆಯ ಕ್ಷಣಗಳಲ್ಲಿ ಮಹೋಮ್ಸ್ ಅವರನ್ನು ಮೀರಿಸುವವರಿಲ್ಲ ಎಂಬ ಅಭಿಪ್ರಾಯ ಪ್ರಬಲವಾಗಿತ್ತು.

ಈಗಲ್ಸ್ ಪರವಾದ ವಾದಗಳು

ಈಗಲ್ಸ್ ತಂಡ ಲೀಗ್ ಹಂತದಲ್ಲಿ 14 ಜಯ ಮತ್ತು 3 ಸೋಲುಗಳನ್ನು ಕಂಡಿತ್ತು. ಜಯಗಳ ಸಂಖ್ಯೆ ಒಂದು ಕಡಿಮೆಯಾದರೂ ಅಂಕಗಳ ಲೆಕ್ಕ ಬೇರೆಯ ಚಿತ್ರವನ್ನು ನೀಡುತ್ತಿತ್ತು. ಈಗಲ್ಸ್ 463 ಅಂಕ ಗಳಿಸಿ 303 ಅಂಕಗಳನ್ನು ಬಿಟ್ಟುಕೊಟ್ಟಿತ್ತು. ಚೀಫ್ಸ್ ಗಳಿಸಿದ್ದು 385, ಬಿಟ್ಟುಕೊಟ್ಟದ್ದು 326. ಅಂದರೆ ಒಟ್ಟು ವ್ಯತ್ಯಾಸ ಈಗಲ್ಸ್‌ಗೆ 160, ಚೀಫ್ಸ್‌ಗೆ ಕೇವಲ 59. ಚೀಫ್ಸ್ ತನ್ನ ಪ್ರಮುಖ ಆಟಗಾರರಿಗೆ ವಿಶ್ರಾಂತಿ ನೀಡಿ ಡೆನ್ವರ್ ವಿರುದ್ಧ 0–38ರಿಂದ ಸೋತ ಕೊನೆಯ ಲೀಗ್ ಪಂದ್ಯವನ್ನು ಕೈಬಿಟ್ಟರೂ ಅದರ ವ್ಯತ್ಯಾಸ 97 ಆಗುತ್ತದೆಯೇ ಹೊರತು ಈಗಲ್ಸ್ ಮಟ್ಟವನ್ನು ಮುಟ್ಟುವುದಿಲ್ಲ.

ರನ್ನಿಂಗ್ ಬ್ಯಾಕ್ ಸೇಕ್ವಾನ್ ಬಾರ್ಕ್ಲಿ ಲೀಗ್ ಹಂತದಲ್ಲಿ ಚೆಂಡು ಹಿಡಿದು 2,005 ಯಾರ್ಡ್ ಓಡಿದ್ದರು. ಪ್ಲೇಆಫ್ ಸೇರಿಸಿ ಒಂದೇ ಋತುವಿನ ದಾಖಲೆ ಮುರಿಯಲು ಅವರಿಗೆ ಇನ್ನು 30 ಯಾರ್ಡ್ ಸಾಕಾಗಿತ್ತು. ಈಗಲ್ಸ್ ಗೆಲ್ಲುವುದಾದರೆ ಅದು ಬಾರ್ಕ್ಲಿ ಅವರ ಓಟದ ಬಲದಿಂದಲೇ ಎಂಬುದು ವ್ಯಾಪಕ ನಿರೀಕ್ಷೆಯಾಗಿತ್ತು. ವಿಕ್ ಫ್ಯಾಂಜಿಯೊ ಮಾರ್ಗದರ್ಶನದ ಈಗಲ್ಸ್ ರಕ್ಷಣಾ ಪಡೆಯು ಲೀಗ್‌ನಲ್ಲಿಯೇ ಅತಿ ಕಡಿಮೆ ಯಾರ್ಡ್‌ಗಳನ್ನು ಬಿಟ್ಟುಕೊಟ್ಟಿತ್ತು.

ಕಡಿಮೆ ಗಮನ ಸೆಳೆದ ಅಂಶ

ಚೀಫ್ಸ್ ತಂಡದ ಆಫೆನ್ಸಿವ್ ಲೈನ್‌ನ ಎಡತುದಿಯ ಸ್ಥಾನ ಋತುವಿನುದ್ದಕ್ಕೂ ದುರ್ಬಲವಾಗಿತ್ತು. ಡಿಸೆಂಬರ್‌ನಲ್ಲಿ, ಒಳಸ್ಥಾನದಲ್ಲಿ ಆಡುತ್ತಿದ್ದ ಜೋ ಥೂನಿ ಅವರನ್ನು ಅಲ್ಲಿಗೆ ವರ್ಗಾಯಿಸಲಾಯಿತು. ಇದರಿಂದ ಅವರ ಮೂಲಸ್ಥಾನ ಸಡಿಲವಾಯಿತು. ಇದಕ್ಕೆ ಹಿಂದಿನ ಎಚ್ಚರಿಕೆಯೂ ಇತ್ತು. 2021ರ ಸೂಪರ್ ಬೌಲ್‌ನಲ್ಲಿ ಚೀಫ್ಸ್ ರಕ್ಷಣಾ ಸಾಲಿನ ಎರಡೂ ತುದಿಗಳ ನಿಯಮಿತ ಆಟಗಾರರು ಗೈರಾಗಿದ್ದರು. ಆಗ ಟ್ಯಾಂಪಾ ಬೇ ಬುಕನೀರ್ಸ್ ಮಹೋಮ್ಸ್ ಅವರ ಮೇಲೆ ನಿರಂತರ ಒತ್ತಡ ಹೇರಿ 31–9ರಿಂದ ಗೆದ್ದಿತ್ತು.

ಹಿಂದಿನ ನಿದರ್ಶನಗಳು

ಸೂಪರ್ ಬೌಲ್ ಮುನ್ನಂದಾಜುಗಳು ತಲೆಕೆಳಗಾಗುವುದು ಹೊಸತಲ್ಲ. 1969ರ ಜನವರಿಯಲ್ಲಿ ಬಾಲ್ಟಿಮೋರ್ ಕೋಲ್ಟ್ಸ್ 18 ಅಂಕಗಳಿಂದ ಗೆಲ್ಲಬಹುದೆಂದು ಅಂದಾಜಿಸಲಾಗಿತ್ತು. ನ್ಯೂಯಾರ್ಕ್ ಜೆಟ್ಸ್ 16–7ರಿಂದ ಗೆದ್ದಿತು. 2008ರಲ್ಲಿ ಸತತ 18 ಪಂದ್ಯಗಳನ್ನು ಗೆದ್ದು ಬಂದಿದ್ದ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡವನ್ನು ನ್ಯೂಯಾರ್ಕ್ ಜೈಂಟ್ಸ್ 17–14ರಿಂದ ಮಣಿಸಿತು. ಅಲ್ಲಿಯೂ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ ಮೇಲಿನ ಒತ್ತಡವೇ ನಿರ್ಣಾಯಕವಾಯಿತು.

ಫಲಿತಾಂಶ

ಪಂದ್ಯದ ಮೊದಲಾರ್ಧದಲ್ಲಿ ಚೀಫ್ಸ್ ಗಳಿಸಿದ್ದು ಒಟ್ಟು 23 ಯಾರ್ಡ್ ಮಾತ್ರ. ವಿರಾಮದ ವೇಳೆಗೆ ಅಂಕಗಳು 24–0 ಆಗಿದ್ದವು. ಅಂದು ತಮ್ಮ 22ನೆಯ ಜನ್ಮದಿನವನ್ನು ಆಚರಿಸುತ್ತಿದ್ದ ಕೂಪರ್ ಡಿಜೀನ್, ಮಹೋಮ್ಸ್ ಎಸೆದ ಚೆಂಡನ್ನು ತಡೆದು 38 ಯಾರ್ಡ್ ಓಡಿ ಟಚ್‌ಡೌನ್ ಗಳಿಸಿದರು. ಮೂರನೆಯ ಕಾಲಭಾಗದಲ್ಲಿ ಈಗಲ್ಸ್ ಮುನ್ನಡೆ 34–0ಕ್ಕೆ ಏರಿತು. ಚೀಫ್ಸ್‌ನ 22 ಅಂಕಗಳು ಬಂದದ್ದು ಆ ನಂತರ. ಮಹೋಮ್ಸ್ ಆರು ಬಾರಿ ಸ್ಯಾಕ್ ಆದರು. 221 ಯಾರ್ಡ್ ಪಾಸ್ ಹಾಗೂ 72 ಯಾರ್ಡ್ ಓಟಕ್ಕಾಗಿ ಈಗಲ್ಸ್ ಕ್ವಾರ್ಟರ್‌ಬ್ಯಾಕ್ ಜೇಲೆನ್ ಹರ್ಟ್ಸ್ ಪಂದ್ಯದ ಅತ್ಯಮೂಲ್ಯ ಆಟಗಾರರೆಂದು ಆಯ್ಕೆಯಾದರು. ಇದು ಈಗಲ್ಸ್‌ಗೆ 2018ರ ನಂತರದ ಎರಡನೆಯ ಸೂಪರ್ ಬೌಲ್ ಪ್ರಶಸ್ತಿ.

ಮುನ್ನಂದಾಜುಗಳ ಮೌಲ್ಯಮಾಪನ

ಚೀಫ್ಸ್ ಪರ ಅಂದಾಜು ಮುಖ್ಯವಾಗಿ ನಿಕಟ ಪಂದ್ಯಗಳ ಯಶಸ್ಸನ್ನು ಆಧರಿಸಿತ್ತು. ಕೆಲವೇ ಅಂಕಗಳಿಂದ ದೊರೆಯುವ ಜಯಗಳಲ್ಲಿ ಕೌಶಲದೊಂದಿಗೆ ಅದೃಷ್ಟದ ಪಾಲೂ ಇರುತ್ತದೆ. ಒಟ್ಟು ಅಂಕಗಳ ವ್ಯತ್ಯಾಸವು ತಂಡದ ಬಲಕ್ಕೆ ಹೆಚ್ಚು ವಿಶ್ವಾಸಾರ್ಹ ಸೂಚಕ ಎಂಬುದು ಅಂಕಿಅಂಶ ವಿಶ್ಲೇಷಕರ ಸಾಮಾನ್ಯ ನಿಲುವು. ಅದಲ್ಲದೆ, ಕೊನೆಯ ಕ್ಷಣದ ಪರಿಣತಿ ಉಪಯೋಗಕ್ಕೆ ಬರಬೇಕಾದರೆ ಪಂದ್ಯ ಕೊನೆಯ ಕ್ಷಣದವರೆಗೆ ನಿಕಟವಾಗಿ ಉಳಿಯಬೇಕು. ನ್ಯೂ ಆರ್ಲಿಯನ್ಸ್‌ನಲ್ಲಿ ಆ ಸಂದರ್ಭವೇ ಒದಗಲಿಲ್ಲ.

ಈಗಲ್ಸ್ ಗೆಲ್ಲುವುದೆಂದು ಹೇಳಿದವರ ಲೆಕ್ಕಾಚಾರವೂ ಪೂರ್ಣವಾಗಿ ಫಲಿಸಲಿಲ್ಲ. ಚೀಫ್ಸ್ ಬಾರ್ಕ್ಲಿ ಅವರನ್ನು ತಡೆಯುವುದಕ್ಕೆ ಒತ್ತು ನೀಡಿತು. 25 ಯತ್ನಗಳಲ್ಲಿ ಅವರಿಗೆ 57 ಯಾರ್ಡ್ ಮಾತ್ರ ಸಿಕ್ಕಿತು. ದಾಖಲೆ ಮುರಿಯಲು ಅಷ್ಟು ಸಾಕಾದರೂ ಪಂದ್ಯವನ್ನು ಗೆಲ್ಲಿಸಿದ್ದು ಅವರ ಓಟವಲ್ಲ. ಈಗಲ್ಸ್ ಮುಂಚೂಣಿಯ ರಕ್ಷಕರು, ಹಿಂದಿನ ಸಾಲಿನಿಂದ ಹೆಚ್ಚುವರಿ ಆಟಗಾರರನ್ನು ನುಗ್ಗಿಸುವ ಬ್ಲಿಟ್ಜ್ ತಂತ್ರವನ್ನು ಬಳಸದೆಯೇ ಮಹೋಮ್ಸ್ ಅವರನ್ನು ಕಟ್ಟಿಹಾಕಿದರು. ಉಳಿದವರೆಲ್ಲ ಪಾಸ್ ತಡೆಯಲು ಹಿಂದೆಯೇ ಉಳಿದುದರಿಂದ ಚೆಂಡು ಎಸೆಯಲು ಎಡೆ ಸಿಗಲಿಲ್ಲ.

ಒಂದೇ ಪಂದ್ಯದ ಫಲಿತಾಂಶದಿಂದ ಅಂದಾಜಿನ ವಿಧಾನವೊಂದನ್ನು ಸಂಪೂರ್ಣವಾಗಿ ಒಪ್ಪುವುದಾಗಲಿ ತಿರಸ್ಕರಿಸುವುದಾಗಲಿ ಸಾಧ್ಯವಿಲ್ಲ. ಆದರೂ ವಿಜೇತರನ್ನು ಸರಿಯಾಗಿ ಹೆಸರಿಸುವುದು ಒಂದು, ಗೆಲುವಿನ ಕಾರಣವನ್ನು ಸರಿಯಾಗಿ ಗುರುತಿಸುವುದು ಇನ್ನೊಂದು ಎಂಬ ಭೇದವನ್ನು ಈ ಪಂದ್ಯ ಸ್ಪಷ್ಟವಾಗಿ ತೋರಿಸಿತು.