ಉಲ್ಲನ್ ದುಡ್ಡು ನಾನೇ ಕೊಡ್ತೀನಿ ಎನ್ನುವವರಿಗೆ

ಕಳೆದ ತಿಂಗಳು ಗೆಳತಿಯೊಬ್ಬಳು ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದಳು. ತಿಳಿಹಳದಿ ಬಣ್ಣದ ಕೂಸಿನ ಸ್ವೆಟರ್, ಎದೆಯ ಮೇಲೆ ಜಡೆ ಹೆಣೆದಂಥ ಎರಡು ಪಟ್ಟಿ. ಕೆಳಗೆ ಬರೆದಿದ್ದಳು: ‘ಅಕ್ಕನ ಮಗುವಿಗೆ ಇಂಥದ್ದೊಂದು ಹೆಣೆದುಕೊಡೇ. ಟೋಪಿ, ಕಾಲುಚೀಲನೂ ಇರಲಿ. ನಾಮಕರಣಕ್ಕೆ ಅಂಗಡಿಯದು ಬೇಡ, ಕೈಯಲ್ಲಿ ಮಾಡಿದ್ದೇ ಕೊಡಬೇಕು ಅಂತ ಆಸೆ. ಉಲ್ಲನ್ ದುಡ್ಡು ನಾನೇ ಕೊಡ್ತೀನಿ.’

ಆಕೆ ಒಳ್ಳೆಯವಳು. ಹಾಸ್ಟೆಲಿನಲ್ಲಿ ನನಗೆ ಜ್ವರ ಬಂದಾಗ ಮೂರು ದಿನ ಗಂಜಿ ತಂದುಕೊಟ್ಟವಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಇರುವುದು ಆ ಕೊನೆಯ ವಾಕ್ಯದ ಮೇಲೆ. ಹೆಣಿಗೆ, ಹೊಲಿಗೆ, ಕಸೂತಿ, ಕ್ರೋಶಾ ಬಲ್ಲ ಪ್ರತಿಯೊಬ್ಬ ಹೆಂಗಸೂ ಒಂದಲ್ಲ ಒಂದು ದಿನ ಕೇಳಿಸಿಕೊಂಡಿರುವ ವಾಕ್ಯ ಅದು. ನಾಲ್ಕು ಉಂಡೆ ಉಲ್ಲನ್‌ಗೆ ನಾನೂರು ರೂಪಾಯಿ ಆಗಬಹುದು. ಸ್ವೆಟರ್, ಟೋಪಿ, ಕಾಲುಚೀಲ ಸೇರಿ ನನ್ನಂಥ ನಿಧಾನದ ಕೈಗೆ ಮೂವತ್ತೈದು ತಾಸು ಬೇಕು. ನಾನೂರು ರೂಪಾಯಿ ಲೆಕ್ಕಕ್ಕೆ ಬಂತು, ಮೂವತ್ತೈದು ತಾಸು ಬರಲಿಲ್ಲ. ರವಿಕೆ ಹೊಲಿಸಲು ಹೋದಾಗ ಟೇಲರ್‌ಗೆ ‘ಬಟ್ಟೆ ನಂದು, ದಾರದ ದುಡ್ಡೂ ಕೊಡ್ತೀನಿ, ಹೊಲಿಗೆ ಮಾತ್ರ ಪ್ರೀತಿಯಿಂದ ಹಾಕಿಕೊಡಿ’ ಎಂದು ಯಾರಾದರೂ ಹೇಳಿದ್ದುಂಟೆ? ಅದೇ ಸೂಜಿ, ಅದೇ ದಾರ. ಟೇಲರ್ ಅಂಗಡಿಯಲ್ಲಿ ಕೂತಿದ್ದಾನೆ, ನಾವು ಮನೆಯಲ್ಲಿ ಕೂತಿದ್ದೇವೆ.

ಆ ಸಂದೇಶಕ್ಕೆ ತಕ್ಷಣ ಉತ್ತರ ಬರೆಯಲು ನನಗೆ ಆಗಲಿಲ್ಲ. ಯಾಕೆ ಆಗಲಿಲ್ಲ ಎಂದು ಹೇಳಲು ಒಂದು ಮದುವೆಯ ಕತೆ ಹೇಳಬೇಕು.

ನಮ್ಮ ಅವ್ವ ಸೀರೆಗೆ ಕುಚ್ಚು ಕಟ್ಟುತ್ತಾಳೆ. ಸೆರಗಿನ ತುದಿಯ ಎಳೆಗಳನ್ನು ಸಮನಾಗಿ ಬಿಡಿಸಿ, ಬಣ್ಣಕ್ಕೆ ಒಪ್ಪುವ ರೇಷ್ಮೆ ದಾರ ಸೇರಿಸಿ, ಗಂಟು ಹಾಕಿ, ಮಣಿ ಪೋಣಿಸುವ ಕೆಲಸ. ಸಾದಾ ಕುಚ್ಚಿಗೆ ಅವಳ ಪಳಗಿದ ಕೈಗೂ ಮೂರು ತಾಸು ಬೇಕು. ಕ್ರೋಶಾ ಹಾಕಿ ಮಣಿ ಕೂಡಿಸುವುದಾದರೆ ಒಂಬತ್ತು ತಾಸು. ಮೂರು ವರ್ಷದ ಹಿಂದೆ ಸೋದರಮಾವನ ಮಗಳ ಮದುವೆ ಗೊತ್ತಾದಾಗ ಬಸ್ಸಿನಲ್ಲಿ ಒಂದು ಚೀಲ ಬಂತು. ಅದರೊಳಗೆ ಹನ್ನೊಂದು ಸೀರೆ. ನಾಲ್ಕಕ್ಕೆ ಕ್ರೋಶಾ, ಏಳಕ್ಕೆ ಸಾದಾ. ರಾತ್ರಿ ಊಟದ ಪಾತ್ರೆ ತೊಳೆದ ಮೇಲೆ ಅವ್ವ ಟ್ಯೂಬ್‌ಲೈಟಿನ ಕೆಳಗೆ ಕೂರುತ್ತಿದ್ದಳು. ಕಪ್ಪು ಸೀರೆಯ ಎಳೆ ಕಾಣದೆ ನನ್ನ ಮೊಬೈಲಿನ ಟಾರ್ಚ್ ಹಿಡಿಯಲು ಹೇಳುತ್ತಿದ್ದಳು. ಎರಡು ತಿಂಗಳು ಹೀಗೆ ನಡೆಯಿತು. ರೊಕ್ಕದ ಮಾತು ಮಾವನೂ ಎತ್ತಲಿಲ್ಲ, ಅವ್ವನೂ ಎತ್ತಲಿಲ್ಲ. ನಾನೊಮ್ಮೆ ಕೇಳಿದ್ದಕ್ಕೆ, ‘ತವರುಮನಿ ಮಂದಿ ಕಡೆ ರೊಕ್ಕ ಇಸ್ಕೋತಾರೇನ ಯವ್ವಾ, ಮಂದಿ ಏನಂದಾರು’ ಅಂದಳು.

ಮದುವೆಯ ದಿನ ಮುಯ್ಯಿ ಬರೆಯಲು ನನ್ನನ್ನು ಕೂರಿಸಿದರು. ‘ಪಿಎಚ್.ಡಿ. ಮಾಡಾಕತ್ತಾಳ, ಲೆಕ್ಕ ತಪ್ಪಂಗಿಲ್ಲ’ ಎಂದು ಮಾವ ಎಲ್ಲರೆದುರು ಹೇಳಿದ. ನನಗೂ ಹೆಮ್ಮೆಯೇ. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಹೆಸರು, ಊರು, ರೊಕ್ಕ, ಸಾಮಾನು ಎಂದು ನಾಲ್ಕು ಸಾಲು ಮಾಡಿಕೊಂಡೆ. ಇಂಥವರು 501. ಇಂಥವರು ಒಂದು ಸ್ಟೀಲ್ ಡಬರಿ. ಇಂಥವರು ಗೋಡೆ ಗಡಿಯಾರ. ಐವತ್ತೊಂದು ರೂಪಾಯಿಯ ಲಕೋಟೆಯನ್ನೂ ಬಿಡಲಿಲ್ಲ. ನಮ್ಮ ಮನೆಯದು ಅಪ್ಪನ ಹೆಸರಿನಲ್ಲಿ 2,001 ಎಂದು ಬರೆದೆ. ವೇದಿಕೆಯ ಮೇಲೆ ಮದುಮಗಳ ಸೆರಗಿನಲ್ಲಿ, ಅಕ್ಕಪಕ್ಕ ಓಡಾಡುತ್ತಿದ್ದ ಬೀಗಿತ್ತಿಯರ ಸೆರಗಿನಲ್ಲಿ ಅವ್ವನ ಐವತ್ತೇಳು ತಾಸು ತೂಗಾಡುತ್ತಿತ್ತು. ಆ ಪುಸ್ತಕದಲ್ಲಿ ಅವ್ವನ ಹೆಸರೇ ಇಲ್ಲ. ಬರೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ. ಲೆಕ್ಕ ತಪ್ಪುವುದಿಲ್ಲ ಎಂದು ಹೊಗಳಿಸಿಕೊಂಡ ನನಗೂ ಹೊಳೆಯಲಿಲ್ಲ.

ಕೈಯಿಂದ ಮಾಡಿದ ಉಡುಗೊರೆಗೆ ಬೆಲೆ ಕಟ್ಟಲಾಗದು ಎಂಬ ಮಾತನ್ನು ನಾವು ತುಂಬ ಗೌರವದಿಂದ ಆಡುತ್ತೇವೆ. ಆ ಮಾತಿನ ಫಲ ಏನೆಂದು ನೋಡಿ. ಬೆಲೆ ಕಟ್ಟಲಾಗದ್ದು ಪುಸ್ತಕದಲ್ಲಿ ಬರೆಯಲಾಗದ್ದು. ಬರೆಯದೇ ಇದ್ದದ್ದನ್ನು ಯಾರೂ ತೀರಿಸಬೇಕಾಗಿಲ್ಲ. ಡಬರಿ ಕೊಟ್ಟವರ ಮನೆಯಲ್ಲಿ ಮುಂದೆ ಮದುವೆಯಾದಾಗ ಮಾವ ಪುಸ್ತಕ ತೆಗೆದು ನೋಡಿ ಅದಕ್ಕಿಂತ ಒಂದು ಕೈ ಹೆಚ್ಚೇ ಕೊಡುತ್ತಾನೆ. ಅವ್ವನ ಕುಚ್ಚಿಗೆ ಹಿಂದಿರುಗಿ ಬಂದದ್ದು ‘ಅಕ್ಕನ ಕೈಯಾಗ ಲಕ್ಷ್ಮಿ ಅದಾಳ’ ಎಂಬ ಹೊಗಳಿಕೆ, ಆಮೇಲೆ ಮಾವನ ಬೀಗರ ಕಡೆಯಿಂದ ಇನ್ನೂ ಎರಡು ಸೀರೆ.

ಉಡುಗೊರೆಯಲ್ಲಿ ಲೆಕ್ಕ ತರಬಾರದು ಎನ್ನುವವರು ಉಡುಗೊರೆಯನ್ನೇ ಅರಿಯದವರು. ಫ್ರೆಂಚ್ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮೋಸ್ 1925ರಲ್ಲಿ ಉಡುಗೊರೆಯ ಬಗ್ಗೆ ಬರೆದ ಪ್ರಸಿದ್ಧ ಪ್ರಬಂಧದಲ್ಲಿ, ಕೊಡುವುದು, ತೆಗೆದುಕೊಳ್ಳುವುದು, ಹಿಂದಿರುಗಿಸುವುದು ಮೂರೂ ಕಟ್ಟುಪಾಡುಗಳೇ ಎಂದ. ನಮ್ಮ ಮುಯ್ಯಿ ಪುಸ್ತಕ ಕಾಪಾಡಿಕೊಂಡು ಬಂದ ಅಜ್ಜಂದಿರಿಗೆ ಇದು ಹೊಸ ಸುದ್ದಿಯಲ್ಲ. ಮುಯ್ಯಿಗೆ ಮುಯ್ಯಿ ಎನ್ನುವಲ್ಲಿ ಪ್ರೀತಿಯೂ ಇದೆ, ಲೆಕ್ಕವೂ ಇದೆ. ಎರಡೂ ಒಂದೇ ಮನೆಯಲ್ಲಿ ಬಾಳಿವೆ. ಲೆಕ್ಕ ಬಂದರೆ ಪ್ರೀತಿ ಓಡಿಹೋಗುತ್ತದೆ ಎಂಬ ಹೆದರಿಕೆ ಹೆಂಗಸರ ಕೈಕೆಲಸದ ಮಾತು ಬಂದಾಗ ಮಾತ್ರ ಹುಟ್ಟುವುದು ಯಾಕೆ?

ನಮ್ಮ ಆಯಿ ಕೌದಿ ಹೊಲಿಯುವಾಗ ಓಣಿಯ ನಾಲ್ಕು ಹೆಂಗಸರು ಬಂದು ಕೂರುತ್ತಿದ್ದರು. ಹಳೆಯ ಸೀರೆ, ಧೋತರಗಳನ್ನು ಒಂದರ ಮೇಲೊಂದು ಹಾಸಿ, ಒಬ್ಬೊಬ್ಬರು ಒಂದೊಂದು ಬದಿಯಿಂದ ಬೆರಳುಗಾತ್ರದ ಸಾಲು ಹಿಡಿದು ಹೊಲಿಗೆ ಹಾಕಿಕೊಂಡು ಬರುತ್ತಿದ್ದರು. ಕೊನೆಗೆ ಮೂಲೆಯೊಳಗೆ ರೊಟ್ಟಿಯ ಒಂದು ಚೂರು ಇಟ್ಟು ಹೊಲಿಯುವಳು ಆಯಿ. ಕೌದಿಯ ಹೊಟ್ಟೆ ಖಾಲಿ ಇರಬಾರದಂತೆ. ಮುಂದಿನ ವಾರ ಆಯಿ ತನ್ನ ಸೂಜಿ ತೆಗೆದುಕೊಂಡು ಅವರ ಮನೆಗೆ ಹೋಗುವಳು. ಹೊಲದಲ್ಲಿ ಮುಯ್ಯಾಳು ಇದ್ದಂತೆ ಕೌದಿಗೂ ಮುಯ್ಯಾಳು. ಕೆಲವು ವರ್ಷ ಕೌದಿ ಹೊಲಿಯುವ ಹೆಂಗಸರು ಊರಿಗೆ ಬರುತ್ತಿದ್ದರು. ಅವರ ಜೊತೆ ಆಯಿ ಕಟ್ಟೆಯ ಮೇಲೆ ಕೂತು ಇಷ್ಟು ಜೋಳ, ಇಷ್ಟು ರೊಕ್ಕ, ಒಂದು ಹಳೆ ಸೀರೆ ಎಂದು ಮೊದಲೇ ಮಾತಾಡಿ ಮುಗಿಸುತ್ತಿದ್ದಳು. ಚೌಕಾಸಿಯಲ್ಲಿ ಬಲು ಗಟ್ಟಿಗಿತ್ತಿ. ಆದರೆ ‘ಪ್ರೀತಿಯಿಂದ ಹೊಲೀರಿ’ ಎಂದು ಅವರಿಗೆ ಒಮ್ಮೆಯೂ ಹೇಳಲಿಲ್ಲ. ಅಕ್ಷರ ಬಾರದ ಆಯಿಗೆ ಮುಯ್ಯಿ ಯಾವುದು, ಕೂಲಿ ಯಾವುದು ಎಂಬ ವ್ಯತ್ಯಾಸ ಸ್ಪಷ್ಟವಾಗಿ ಗೊತ್ತಿತ್ತು. ಆ ಕಾಲ ಬಂಗಾರವಾಗಿತ್ತು ಎಂದು ನಾನು ಹೇಳುತ್ತಿಲ್ಲ. ಮನೆಯ ಸೊಸೆಯರ ದುಡಿಮೆಗೆ ಆಗಲೂ ಮುಯ್ಯಿ ಇರಲಿಲ್ಲ. ಆಯಿಯೇ ಅತ್ತೆಯಾಗಿ ಸೊಸೆಯರ ಕೈಯಲ್ಲಿ ಎಷ್ಟು ಕುಂಚಿಗೆ ಹೊಲಿಸಿದಳೋ.

ಇನ್ನೊಂದು ಮಾತು ಬರುತ್ತದೆ: ಇದೆಲ್ಲ ಬಿಡುವಿನ ವೇಳೆಯ ಹವ್ಯಾಸ, ಟೈಂಪಾಸ್, ಇದಕ್ಕೇಕೆ ಇಷ್ಟು ದೊಡ್ಡ ಮಾತು? ಮೊದಲು ಆ ಬಿಡುವನ್ನು ತೋರಿಸಿ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷವನ್ನು ಅದಕ್ಕೆ ಕೊಡುತ್ತಾರೆ, ಗಂಡಸರು 97 ನಿಮಿಷ. ಅದೂ ಗಂಡಸರಲ್ಲಿ ಆ ಕೆಲಸಕ್ಕೆ ಕೈ ಹಾಕುವವರು ಸುಮಾರು ನಾಲ್ವರಲ್ಲಿ ಒಬ್ಬರು. ಹತ್ತಿರ ಹತ್ತಿರ ಐದು ತಾಸು ಹೀಗೆ ಕಳೆದ ಮೇಲೆ ಉಳಿಯುವ ಸಮಯ ನಿದ್ದೆಯದು. ಅವ್ವ ಹನ್ನೊಂದು ಸೀರೆಗೆ ಕೊಟ್ಟದ್ದು ಬಿಡುವನ್ನಲ್ಲ, ನಿದ್ದೆಯನ್ನು.

ಟೈಂಪಾಸ್ ಎನ್ನುವವರು ಕಸೂತಿಯ ಒಂದು ಸೆರಗನ್ನು ಹತ್ತಿರದಿಂದ ನೋಡಲಿ. ಧಾರವಾಡದ ಸೀಮೆಯ ಕಸೂತಿಯಲ್ಲಿ ಗವಂತಿ, ಮುರಗಿ, ನೇಗಿ, ಮೆಂತಿ ಎಂದು ನಾಲ್ಕು ಹೊಲಿಗೆ. ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವ ಪದ್ಧತಿ ಇಲ್ಲ. ನೇಯ್ಗೆಯ ಎಳೆಗಳನ್ನು ಎಣಿಸುತ್ತ ಗೋಪುರ, ತೇರು, ಆನೆ, ತುಳಸಿಕಟ್ಟೆ ಮೂಡಬೇಕು. ಗಂಟು ಹಾಕುವಂತಿಲ್ಲ. ಗವಂತಿಯ ಸೂಜಿ ಹೋದ ದಾರಿಯಲ್ಲೇ ಮರಳಿ ಬಂದು ಬಿಟ್ಟ ಜಾಗ ತುಂಬಿದಾಗ ಬಟ್ಟೆಯ ಎರಡೂ ಬದಿ ಒಂದೇ ಥರ ಕಾಣಬೇಕು. ಒಂದು ಎಳೆ ಎಣಿಕೆ ತಪ್ಪಿದರೆ ಆನೆಯ ಕಾಲು ಮುರಿಯುತ್ತದೆ, ಬಿಚ್ಚಿ ಮತ್ತೆ ಹಾಕಬೇಕು. ನನ್ನ ಸಂಶೋಧನೆಯ ಅಂಕಿಅಂಶದ ಕೋಷ್ಟಕಗಳಿಗೆ ಬೇಕಾದ ಏಕಾಗ್ರತೆ ಇದಕ್ಕಿಂತ ಕಡಿಮೆ. ಅದಕ್ಕೆ ಫೆಲೋಶಿಪ್ ಇದೆ.

ಹಾಗಾದರೆ ಮಾರಿಕೊಳ್ಳಲಿ, ಈಗ ಕೈಕೆಲಸಕ್ಕೆ ಒಳ್ಳೆಯ ಮಾರುಕಟ್ಟೆ ಇದೆಯಲ್ಲ ಎನ್ನುತ್ತೀರಿ. ಅವ್ವ ಮಾರುತ್ತಾಳೆ. ನಮ್ಮ ತಾಲೂಕಿನ ಸೀರೆ ಅಂಗಡಿಯೊಂದು ಸಾದಾ ಕುಚ್ಚಿಗೆ ಅವಳಿಗೆ ನೂರು ರೂಪಾಯಿ ಕೊಡುತ್ತದೆ, ದಾರ ಅವಳದೇ. ಗಿರಾಕಿಯಿಂದ ತೆಗೆದುಕೊಳ್ಳುವುದು ಇನ್ನೂರೈವತ್ತು. ದರ ಹೆಚ್ಚಿಸಿ ಎಂದರೆ ಮಾಲೀಕರ ಉತ್ತರ: ‘ಮನ್ಯಾಗ ಖಾಲಿನ ಕುಂತಿರ್ತೀರಿ, ಟೈಂಪಾಸ್ ಆಗ್ತೈತಲ್ರೀ ಅಕ್ಕಾರ.’ ತವರುಮನೆ ಪ್ರೀತಿಯ ಹೆಸರಿನಲ್ಲಿ ಕೊಡದೆ ಹೋದದ್ದನ್ನು ಅಂಗಡಿ ಬಿಡುವಿನ ಹೆಸರಿನಲ್ಲಿ ಕಡಿತ ಮಾಡುತ್ತದೆ.

ಇದು ನಮ್ಮ ತಾಲೂಕಿನ ಕತೆ ಮಾತ್ರ ಅಲ್ಲ. ಆಂಧ್ರದ ಪಶ್ಚಿಮ ಗೋದಾವರಿಯ ನರಸಾಪುರದಲ್ಲಿ ಕ್ರೋಶಾ ಲೇಸ್ ಹೆಣೆಯುವ ಹೆಂಗಸರ ಬಗ್ಗೆ ಜರ್ಮನ್ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಬರೆದ ಪುಸ್ತಕ 1982ರಲ್ಲಿ ಬಂತು. ಮಿಷನರಿಗಳು ಕಲಿಸಿದ ಆ ಹೆಣಿಗೆ ದೊಡ್ಡ ರಫ್ತು ಉದ್ಯಮವಾಗಿ ಬೆಳೆದಿತ್ತು. ಲೇಸ್ ಸಮುದ್ರ ದಾಟುತ್ತಿತ್ತು, ವ್ಯಾಪಾರ ಗಂಡಸರ ಕೈಯಲ್ಲಿತ್ತು. ಹೆಣೆಯುವವರನ್ನು ಕೆಲಸಗಾರರೆಂದು ಯಾರೂ ಕರೆಯುತ್ತಿರಲಿಲ್ಲ. ಅವರು ಮನೆಯಲ್ಲಿ ಕೂತು ಬಿಡುವಿನ ವೇಳೆ ಕಳೆಯುವ ಗೃಹಿಣಿಯರು ಎಂಬ ನಂಬಿಕೆಯೇ ಕೂಲಿಯನ್ನು ಅಷ್ಟು ಕೆಳಗೆ ಇಟ್ಟಿತ್ತು ಎಂಬುದು ಮೀಸ್ ಅವರ ವಾದ. ಮನೆಯಲ್ಲಿ ಕೂತು ದುಡಿಯುವ ಹೆಂಗಸರೇ ನನ್ನ ಸಂಶೋಧನೆಯ ವಿಷಯವೂ ಆದ್ದರಿಂದ ಆ ಪುಸ್ತಕವನ್ನು ಗ್ರಂಥಾಲಯದಲ್ಲಿ ಅಡಿಗೆರೆ ಹಾಕಿಕೊಳ್ಳಬೇಕೆನಿಸುವಷ್ಟು ಒಪ್ಪಿ ಓದಿದೆ. ಓದುವಾಗ ನನ್ನ ಹೆಗಲಲ್ಲಿದ್ದ ಕ್ರೋಶಾ ಚೀಲ ಅವ್ವ ಹಾಕಿಕೊಟ್ಟದ್ದು. ವಿಭಾಗದಲ್ಲಿ ಯಾರ ಮನೆಯ ಗೃಹಪ್ರವೇಶವಾದರೂ ನಾನು ಒಯ್ದದ್ದು ಅವ್ವನ ಕೈಯ ಬಾಗಿಲು ತೋರಣ. ‘ಎಷ್ಟು ಚೆಂದ, ನಿಮ್ಮ ಅಭಿರುಚಿಯೇ ಬೇರೆ’ ಎಂಬ ಮೆಚ್ಚುಗೆ ಬಂದದ್ದು ನನಗೆ. ಅಂಗಡಿಯವರ ನೂರೈವತ್ತು ರೂಪಾಯಿ ಲಾಭದಷ್ಟೇ ಇದೂ ಲಾಭ.

ಮಾಡುವುದರಲ್ಲಿ ಸುಖವಿಲ್ಲವೇ ಎಂದು ಕೇಳಬಹುದು. ಖಂಡಿತ ಇದೆ. ಥೀಸಿಸ್ಸಿನ ಅಧ್ಯಾಯವೊಂದು ತಿರಸ್ಕೃತವಾಗಿ ಬಂದ ವಾರ ನನ್ನನ್ನು ಉಳಿಸಿದ್ದು ಎರಡು ಕಡ್ಡಿ ಮತ್ತು ಒಂದು ಉಂಡೆ ಉಲ್ಲನ್. ಸಾಲಿನ ಮೇಲೆ ಸಾಲು ಏರುವುದನ್ನು ಕಣ್ಣಾರೆ ಕಾಣುವ ಸಮಾಧಾನ ನನ್ನ ಓದಿನಲ್ಲಿ ಇಲ್ಲ. ಆದರೆ ಸುಖ ಇದೆ ಎಂಬುದು ಕೂಲಿ ಕೊಡದಿರಲು ಕಾರಣವಾದರೆ ಹಾಡುಗಾರರಿಗೂ, ಮೇಷ್ಟ್ರುಗಳಿಗೂ, ಕವಿಗಳಿಗೂ ಏನೂ ಕೊಡಬೇಕಾಗಿಲ್ಲ. ನನ್ನ ತಕರಾರು ಉಡುಗೊರೆಯ ಮೇಲಿಲ್ಲ. ಒಲ್ಲೆ ಎನ್ನಲು ಸಾಧ್ಯವಿದ್ದು, ಆದರೂ ಮನಸ್ಸು ಬಂದು ಕೊಟ್ಟರೆ ಅದು ಉಡುಗೊರೆ. ಅವ್ವ ಹನ್ನೊಂದು ಸೀರೆಯ ಚೀಲವನ್ನು ಬಸ್ಸಿಗೆ ಹಾಕಿ ವಾಪಸು ಕಳಿಸಬಹುದಿತ್ತೆ? ಕಳಿಸಿದ್ದರೆ ತವರಿನ ಬಾಗಿಲು ಮೊದಲಿನಂತೆಯೇ ತೆರೆದಿರುತ್ತಿತ್ತೆ? ಇಲ್ಲ ಎಂದಾದರೆ ಅದಕ್ಕೆ ಉಡುಗೊರೆ ಎಂಬ ಹೆಸರು ಬೇಡ, ಬಿಟ್ಟಿ ಎಂದೇ ಕರೆಯೋಣ.

ದೀಪಾವಳಿಗೆ ಊರಿಗೆ ಹೋದಾಗ ಇದನ್ನೆಲ್ಲ ಅವ್ವನ ಮುಂದೆ ಹೇಳಿದೆ. ಕಾಗದದ ಮೇಲೆ ಲೆಕ್ಕ ಮಾಡಿ, ‘ಆ ಮದುವಿಗೆ ನೀ ಐವತ್ತೇಳು ತಾಸು ದುಡದೀ ನೋಡವಾ’ ಎಂದೆ. ಮನೆಯವರ ನಡುವೆ ಎಂಥ ಲೆಕ್ಕ ಎಂದು ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ದಾರದಿಂದ ಕಣ್ಣು ಎತ್ತದೆ ಹೇಳಿದಳು: ‘ಐವತ್ತೇಳಲ್ಲ. ಆ ಹಸರ ಸೀರಿ ಕುಚ್ಚು ಅವರಿಗೆ ಬಣ್ಣ ಸೇರಲಿಲ್ಲಂತ ಪೂರಾ ಬಿಚ್ಚಿ ಮತ್ತ ಕಟ್ಟೇನಿ. ಅದನ್ನ ನೀ ಹಿಡದಿಲ್ಲ.’

ಲೆಕ್ಕವೇ ಇಲ್ಲ ಎಂದು ನಾವೆಲ್ಲ ನಂಬಿಕೊಂಡಿದ್ದೆವು. ಅವಳ ಬಳಿ ಮೂರು ವರ್ಷದಿಂದ ಒಂದೊಂದು ಸೀರೆಯ ಬಣ್ಣದ ಸಮೇತ ಲೆಕ್ಕ ಇತ್ತು. ಬರೆದುಕೊಳ್ಳುವವರು ಇರಲಿಲ್ಲ ಅಷ್ಟೆ.

ಆದ್ದರಿಂದ ಕೈಕೆಲಸ ಬಲ್ಲವರನ್ನು ಏನಾದರೂ ಮಾಡಿಕೊಡು ಎಂದು ಕೇಳುವ ಮೊದಲು ದಯವಿಟ್ಟು ಮೂರು ವಿಚಾರ ನೋಡಿ. ಇದಕ್ಕೆ ಎಷ್ಟು ತಾಸು ಬೇಕು ಎಂದು ಅವರನ್ನೇ ಕೇಳಿ. ಆಗುವುದಿಲ್ಲ ಎನ್ನಲು ಅವರಿಗೆ ನಿಜವಾಗಿ ಜಾಗ ಇದೆಯೇ ಎಂದು ನಿಮ್ಮನ್ನು ಕೇಳಿಕೊಳ್ಳಿ. ಆಮೇಲೆ ಕೂಲಿ ಕೊಡುತ್ತೀರೋ ಮುಯ್ಯಿ ತೀರಿಸುತ್ತೀರೋ ಮೊದಲೇ ಹೇಳಿಬಿಡಿ. ಮುಯ್ಯಿ ಎಂದರೆ ಹೊಗಳಿಕೆ ಅಲ್ಲ. ಅಷ್ಟು ತಾಸು ಅವರ ಮಗುವನ್ನು ನೋಡಿಕೊಳ್ಳಿ, ಅವರ ಮನೆಯ ಅಡುಗೆ ಮಾಡಿ, ಅವರ ಟೈಪಿಂಗ್ ಮಾಡಿಕೊಡಿ. ಇನ್ನು ಮದುವೆಮನೆಯಲ್ಲಿ ಪುಸ್ತಕ ಹಿಡಿದು ಕೂರುವ ನನ್ನಂಥ ಓದಿದ ಹುಡುಗಿಯರು ನಾಲ್ಕು ಸಾಲಿನ ಪಕ್ಕ ಐದನೆಯ ಗೆರೆ ಎಳೆಯಲಿ: ತಾಸು. ಸೀರೆಗೆ ಕುಚ್ಚು ಕಟ್ಟಿದವರು, ಹೋಳಿಗೆ ಬಡಿದವರು, ಹಂದರಕ್ಕೆ ಹೂ ಪೋಣಿಸಿದವರು ಎಲ್ಲರ ಹೆಸರೂ ಅವರವರ ಹೆಸರಿನಲ್ಲೇ ಬರಲಿ.

ಊರಿನಿಂದ ಬಂದ ಮೇಲೆ ಗೆಳತಿಗೆ ಉತ್ತರ ಬರೆದೆ. ‘ಮೂವತ್ತೈದು ತಾಸು ಹಿಡಿಯುತ್ತೆ ಕಣೇ. ಹೆಣೆದುಕೊಡ್ತೀನಿ. ಉಲ್ಲನ್ ದುಡ್ಡು ಬೇಡ, ಅದು ನನ್ನ ಕಡೆಯಿಂದ ಕೂಸಿಗೆ. ಆ ಮೂವತ್ತೈದು ತಾಸಿಗೆ ಏನು ಮಾಡೋಣ ಹೇಳು.’ ಸಂದೇಶ ಓದಿದ್ದಾಳೆ, ಎರಡು ನೀಲಿ ಗೆರೆ ಬಂದಿವೆ. ಉತ್ತರ ಇನ್ನೂ ಬಂದಿಲ್ಲ.